ಇವತ್ತು ರಾತ್ರಿ ಯಾವ ಪದ?

ಬಂಡ್ರಿಯ ಜಾತ್ರೆಯಲ್ಲಿ ಒಮ್ಮೆ ಆರ್ಕೆಸ್ಟ್ರಾ ಶುರುವಾಗುವ ಮುನ್ನ ವೇದಿಕೆಯ ಹಿಂದೆ ಹೋಗಿ ಕೂತಿದ್ದೆ. ತಂಡದ ಯಜಮಾನರೇ ಕೀಬೋರ್ಡ್ ನುಡಿಸುವವರು. ಅವರ ಮಡಿಲಲ್ಲಿ ಅಂಗಡಿಯವರು ಉದ್ರಿ ಬರೆಯುವಂಥ ಉದ್ದನೆಯ ಲೆಕ್ಕದ ಪುಸ್ತಕ. ಪುಟದ ತಲೆಯಲ್ಲಿ ಊರಿನ ಹೆಸರು, ತಾರೀಖು. ಕೆಳಗೆ ಆ ರಾತ್ರಿ ಹಾಡಿದ ಹಾಡುಗಳು, ಹಾಡಿದ ಸಾಲಿನಲ್ಲೇ. ಕೆಲವದರ ಮುಂದೆ ಟಿಕ್ಕು, ಕೆಲವದರ ಮುಂದೆ ಸೊನ್ನೆ. ಟಿಕ್ಕು ಹಾಕಿದ್ದು ಜನ ಮತ್ತೊಮ್ಮೆ ಕೇಳಿದ ಹಾಡು, ಸೊನ್ನೆ ಸುತ್ತಿದ್ದು ಜನ ಚಾ ಅಂಗಡಿ ಕಡೆ ಎದ್ದುಹೋದ ಹಾಡು. ಕಳೆದ ಸಲ ಬಂಡ್ರಿಯಲ್ಲಿ ಏನು ಹಾಡಿದ್ದೆವು ಎಂದು ನೋಡದೆ ಈ ಸಲದ ಪಟ್ಟಿಗೆ ಅವರು ಪೆನ್ನು ಹಚ್ಚುವುದಿಲ್ಲ. ತಂಡಕ್ಕೆ ಬರುವ ಹಾಡು ಐನೂರರ ಮೇಲೆ, ರಾತ್ರಿಗೆ ಹಿಡಿಸುವುದು ಮೂವತ್ತು. ಆರಿಸುವುದೇನೂ ಕಷ್ಟವಲ್ಲ, ಬಿಡುವಾಗಲೇ ಕೈ ನಡುಗುತ್ತದೆ ಎನ್ನುವುದು ಅವರ ಮಾತಿನ ಸಾರ.

ಸಾವಿರಾರು ಮೈಲಿಯಾಚೆ ಇದೇ ಕೆಲಸಕ್ಕೆ ಇಂಥದೇ ಪುಸ್ತಕ ಇಟ್ಟುಕೊಂಡ ಇನ್ನೊಬ್ಬ ಕೀಬೋರ್ಡ್ ವಾದಕನಿದ್ದಾನೆ. ಹೆಸರು ಚಕ್ ಲೆವೆಲ್. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ಸ್ ತಂಡದ ಜೊತೆ 1982ರಿಂದ ನುಡಿಸುತ್ತ ಬಂದವನು. ತಂಡದ ಹಾಡುಗಳ ಸ್ವರಸಂಗತಿ, ವೇಗ, ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಬರೆದು ಬರೆದು ದಪ್ಪ ಕಡತಗಳನ್ನೇ ಮಾಡಿಕೊಂಡಿದ್ದಾನೆ. ಯಾವ ಊರಿನಲ್ಲಿ ಹಿಂದಿನ ಸಲ ಏನು ಹಾಡಿದ್ದರು ಎಂಬ ದಾಖಲೆಯೂ ಅವನ ಹತ್ತಿರ ಇರುತ್ತದೆ. ಅದನ್ನು ಹಿಡಿದುಕೊಂಡೇ ಅವನೂ ಗಾಯಕ ಮಿಕ್ ಜಾಗರ್‌ನೂ ಆ ರಾತ್ರಿಯ ಪಟ್ಟಿ ಕಟ್ಟುತ್ತಾರೆ. ಇಪ್ಪತ್ತರ ಆಸುಪಾಸಿನ ಹಾಡುಗಳಲ್ಲಿ ಮುಕ್ಕಾಲು ಭಾಗ ಬಿಡಲಾಗದವು, ಆ ಲೋಕದ ಮಾತಿನಲ್ಲಿ ‘ಯುದ್ಧದ ಕುದುರೆಗಳು’. ಅವನ್ನು ಹಾಡದಿದ್ದರೆ ದುಡ್ಡು ಕೊಟ್ಟು ಬಂದವರು ಮುನಿಸಿಕೊಳ್ಳುತ್ತಾರೆ. ಉಳಿಯುವ ನಾಲ್ಕೈದು ಜಾಗಗಳಿಗಾಗಿ ಅರವತ್ತು ವರ್ಷಗಳ ಹಾಡುಗಳೆಲ್ಲ ಸಾಲುಗಟ್ಟಿ ನಿಂತಿರುತ್ತವೆ. ಹಳೆಯ ತಂಡದ ನಿಜವಾದ ಗುಣ ತಿಳಿಯಬೇಕಾದರೆ ಆ ನಾಲ್ಕೈದು ಜಾಗಗಳನ್ನೇ ನೋಡಬೇಕು ಅನ್ನಿಸುತ್ತದೆ ನನಗೆ. ಕುದುರೆಗಳನ್ನು ಯಾರು ಬೇಕಾದರೂ ಓಡಿಸಬಹುದು.

ನಮ್ಮ ಕಡೆಯ ಯುದ್ಧದ ಕುದುರೆ ಯಾವುದೆಂದು ಕೇಳಿದರೆ ನಾನು ಎರಡನೆಯ ಯೋಚನೆಯಿಲ್ಲದೆ ಕುಮಾರರಾಮನ ಕತೆ ಎನ್ನುತ್ತೇನೆ. ಕಂಪ್ಲಿಯನ್ನು ಆಳಿದ ಕಂಪಿಲರಾಯನ ಮಗ ಅವನು. 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕ್‌ನ ದಂಡು ಬಂದು ಆ ಪುಟ್ಟ ರಾಜ್ಯವನ್ನು ಅಳಿಸಿಹಾಕಿತು. ರಾಜ್ಯ ಹೋದರೂ ಕತೆ ಹೋಗಲಿಲ್ಲ. ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಬರೆದ, ಊರೂರಿನಲ್ಲಿ ಬಯಲಾಟವಾಯಿತು, ಬುರ್ರಕತೆಯವರ ಬಾಯಲ್ಲಿ ರಾತ್ರಿಗಟ್ಟಲೆ ಬೆಳೆಯಿತು. ಚೆಂಡಾಟದ ಚೆಂಡು ಮಲತಾಯಿ ರತ್ನಾಜಿಯ ಮನೆಗೆ ಹೋಗಿ ಬೀಳುವುದು, ಅವಳ ಆಸೆಗೆ ರಾಮ ಒಪ್ಪದಿರುವುದು, ಅವಳ ದೂರು ನಂಬಿದ ಅಪ್ಪ ಮಗನ ತಲೆ ತೆಗೆಯಲು ಹೇಳುವುದು, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಕಾಯುವುದು, ಕಡೆಗೆ ಊರಿಗೆ ಕುತ್ತು ಬಂದಾಗ ಅವನೇ ಹೊರಬಂದು ಕಾದಾಡಿ ಮಡಿಯುವುದು. ಇದಿಷ್ಟನ್ನು ಸಂಡೂರು, ಹೊಸಪೇಟೆ, ಕಂಪ್ಲಿ ಸುತ್ತಿನ ಜನಕ್ಕೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಗೊತ್ತಿದ್ದದ್ದನ್ನೇ ಕೇಳಲು ಬರುತ್ತಾರೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯಾಯಿತು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕುಮಾರರಾಮ ಮಾತ್ರ ಗಡಿ ನೋಡದೆ ಎರಡೂ ಕಡೆ ಓಡಾಡಿಕೊಂಡಿದ್ದಾನೆ.

ಆ ಕತೆಯನ್ನು ನಾಡಿಗೆಲ್ಲ ಕೇಳಿಸಿದ ದೊಡ್ಡ ಕಂಠ ನಮ್ಮ ಸಂಡೂರು ತಾಲ್ಲೂಕಿನದೇ, ದರೋಜಿ ಈರಮ್ಮನವರದು. 1930ರಲ್ಲಿ ಬುಡ್ಗ ಜಂಗಮರ ಅಲೆಮಾರಿ ಕುಟುಂಬದಲ್ಲಿ ಹುಟ್ಟಿದ ಆಕೆಗೆ ಓದು ಬರಹ ಇರಲಿಲ್ಲ. ಹನ್ನೆರಡನೆಯ ವಯಸ್ಸಿಗೆ ತಂದೆ ಲಾಲಪ್ಪ ಬುರ್ರಕತೆ ಕಲಿಸಿದರು. ಮುಂದೆ ಮನೆಯ ಹೆಣ್ಣುಮಕ್ಕಳನ್ನೇ ಹಿಮ್ಮೇಳಕ್ಕೆ ಕಟ್ಟಿಕೊಂಡು ಊರೂರು ತಿರುಗಿದರು. ಹನ್ನೆರಡು ಕಾವ್ಯಗಳು ಆಕೆಯ ನೆನಪಿನಲ್ಲಿದ್ದವು. ಕುಮಾರರಾಮನಲ್ಲದೆ ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜೈಸಿಂಗರಾಜ ಹೀಗೆ. ಅಚ್ಚಿಗೆ ಇಳಿಸಿದರೆ 7,000 ಪುಟ ಎಂಬ ಲೆಕ್ಕವಿದೆ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. 2014ರ ಆಗಸ್ಟ್ 12ರಂದು ತೀರಿಕೊಂಡರು.

ಆ 7,000 ಪುಟಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ಗಂಟೆಗೆ ಇಪ್ಪತ್ತು ಪುಟದಷ್ಟು ಹಾಡಿದರೂ 350 ಗಂಟೆ. ರಾತ್ರಿಗೆ ಏಳು ಗಂಟೆಯಂತೆ ಐವತ್ತು ರಾತ್ರಿ ಬೇಕು. ಯಾವ ರಾಕ್ ತಂಡದ ಗಂಟಿನಲ್ಲೂ ಇಷ್ಟು ಸರಕು ಇರಲಿಕ್ಕಿಲ್ಲ. ಇಷ್ಟನ್ನು ಎದೆಯಲ್ಲಿ ಇಟ್ಟುಕೊಂಡವರಿಗೆ ಉತ್ಸವಗಳ ವೇದಿಕೆಯಲ್ಲಿ ಸಿಗುವುದು ಅರ್ಧ ತಾಸು. ಮುಂದಿನ ತಂಡ ಪಕ್ಕದಲ್ಲೇ ಗೆಜ್ಜೆ ಕಟ್ಟಿಕೊಂಡು ನಿಂತಿರುತ್ತದೆ, ಚೀಟಿ ಹಿಡಿದವರು ಗಡಿಯಾರ ತೋರಿಸುತ್ತಾರೆ. ಏಳು ರಾತ್ರಿಯ ಕತೆಯಿಂದ ಮೂವತ್ತು ನಿಮಿಷ ಹೆಕ್ಕುವುದೆಂದರೆ ಹೊಲದಿಂದ ಒಂದು ತೆನೆ ಮುರಿದು ತಂದು ಇದೇ ಬೆಳೆ ನೋಡಿ ಎಂದು ತೋರಿಸಿದ ಹಾಗೆ. ಕಥೆ ಗೊತ್ತಿಲ್ಲದವರು ಎದುರಿಗಿದ್ದರೆ ಚೆಂಡಾಟ ಒಳ್ಳೆಯದು, ಅಲ್ಲಿಂದ ಕುತೂಹಲ ಹುಟ್ಟುತ್ತದೆ. ಗೊತ್ತಿದ್ದವರೇ ಕೂತಿದ್ದರೆ ನೇರ ಬೈಚಪ್ಪನ ಸಂಕಟಕ್ಕೆ ಇಳಿಯಬಹುದು. ಕುರ್ಚಿಯ ಮೇಲೆ ಯಾರು, ಕಂಬಳಿ ಹಾಸಿ ಕೂತವರು ಯಾರು ಎಂದು ನೋಡಿಯೇ ಕತೆಯ ಬಾಗಿಲು ತೆರೆಯಬೇಕಾಗುತ್ತದೆ.

ಬುರ್ರಕತೆಯ ಕಟ್ಟು ಇದಕ್ಕೆ ಒದಗುವಂಥದು. ಮುಂದೆ ಕತೆ ಹೇಳುವವರ ಹೆಗಲ ಮೇಲೆ ತಂಬೂರಿ, ಬೆರಳಿಗೆ ಲೋಹದ ಉಂಗುರ. ಎರಡೂ ಬದಿ ಬುಡಿಕೆ ಬಾರಿಸುವ ಇಬ್ಬರು. ಪಕ್ಕದವರು ಬರೀ ತಾಳಕ್ಕಲ್ಲ. ಹೂಂಗುಟ್ಟುತ್ತಾರೆ, ಆಮೇಲೇನಾಯ್ತು ಅನ್ನುತ್ತಾರೆ, ನಡುವೆ ನಗಿಸುತ್ತಾರೆ. ಆ ಹೊತ್ತಿನಲ್ಲಿ ಮುಂದಿನವರು ಉಸಿರು ತೆಗೆದುಕೊಳ್ಳುತ್ತಾರೆ, ಮುಂದಿನ ಮಡಿಕೆ ಬಿಡಿಸಬೇಕೋ ಹಾರಿಸಬೇಕೋ ಎಂದು ಮನಸ್ಸಿನಲ್ಲೇ ತೀರ್ಮಾನಿಸುತ್ತಾರೆ. ರೋಲಿಂಗ್ ಸ್ಟೋನ್ಸ್ ಕಛೇರಿಯ ನಡುವೆಯೂ ಗಿಟಾರಿನ ಕೀತ್ ರಿಚರ್ಡ್ಸ್ ಮುಂದೆ ಬಂದು ಎರಡು ಹಾಡು ಹಾಡುವ ರೂಢಿಯಿದೆ. ಅಷ್ಟರಲ್ಲಿ ಎಂಬತ್ತು ದಾಟಿದ ಜಾಗರ್ ಒಳಗೆ ಹೋಗಿ ದಣಿವಾರಿಸಿಕೊಂಡು ಬರುತ್ತಾನೆ. ಕೇಳುವವರಿಗೆ ಅದು ಬದಲಾವಣೆ, ಹಾಡುವವರಿಗೆ ಜೀವ ಉಳಿಸುವ ಉಪಾಯ. ಯಾವ ಹಾಡು ಎಂಬಷ್ಟೇ ಮುಖ್ಯ ಯಾವ ಹಾಡಿನ ಪಕ್ಕ ಯಾವ ಹಾಡು ಎಂಬುದು. ಎರಡು ಎತ್ತರದ ಹಾಡು ಬೆನ್ನಿಗೆ ಬೆನ್ನು ಬಂದರೆ ಮೂರನೆಯದಕ್ಕೆ ಗಂಟಲು ಇರುವುದಿಲ್ಲ.

1930ರ ದಶಕದಲ್ಲಿ ಯುಗೊಸ್ಲಾವಿಯಾದ ಊರುಗಳಲ್ಲಿ ಓದು ಬಾರದ ಕತೆಗಾರರ ಹಾಡನ್ನು ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಎಂಬ ಅಮೆರಿಕದ ವಿದ್ವಾಂಸರು ದಾಖಲಿಸಿದರು. ಅವ್ದೊ ಮೆಜೆದೊವಿಚ್ ಎಂಬಾತ ಹೇಳಿದ ಒಂದೇ ಹಾಡು 12,000 ಸಾಲು ದಾಟಿತು. ರಂಜಾನ್ ರಾತ್ರಿಗಳಲ್ಲಿ ಕಾಫಿ ಅಂಗಡಿಗಳಲ್ಲಿ ಹಾಡುವವರು ಜನ ಕೂತರೆ ಕತೆ ಹಿಗ್ಗಿಸುತ್ತಿದ್ದರು, ಎದ್ದರೆ ಕುಗ್ಗಿಸುತ್ತಿದ್ದರು ಎಂದು ಲಾರ್ಡ್ 1960ರ ತನ್ನ ಪುಸ್ತಕದಲ್ಲಿ ವಿವರಿಸಿದ. ನಮ್ಮ ಬಯಲಾಟದವರಿಗೆ ಇದನ್ನು ಓದಿ ಹೇಳಿದರೆ, ಇದಕ್ಕೂ ಪುಸ್ತಕ ಬೇಕಿತ್ತಾ ಎಂದಾರು.

ಕೇಳುವವರ ಕೈಯೂ ಪಟ್ಟಿಯ ಮೇಲೆ ಇರುತ್ತದೆ. ನಮ್ಮ ಜಾತ್ರೆಗಳಲ್ಲಿ ಚೀಟಿ ಬರುತ್ತದೆ, ಚೀಟಿಯ ಜೊತೆ ನೋಟು ಬರುತ್ತದೆ. ಬಯಲಾಟದಲ್ಲಿ ಆಟ ನಿಲ್ಲಿಸಿ ಆಹೇರಿ ಕೊಟ್ಟವರ ಹೆಸರು ಕೂಗುತ್ತಾರೆ. ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಕೂಗು ಬಿತ್ತೆಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಬೇಕಾಗುತ್ತಿತ್ತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಅಮೆರಿಕದ ಗಾಯಕ ಜನ ಹಲಗೆಯ ಮೇಲೆ ಬರೆದು ತಂದ ಹಾಡಿನ ಹೆಸರುಗಳನ್ನು ವೇದಿಕೆಯಿಂದಲೇ ಕೈಚಾಚಿ ತೆಗೆದುಕೊಂಡು ಹಾಡಿದ್ದಾನೆ. ರೋಲಿಂಗ್ ಸ್ಟೋನ್ಸ್ ಒಂದು ಹಾಡಿನ ಜಾಗ ಖಾಲಿ ಬಿಟ್ಟು ಅಂತರ್ಜಾಲದಲ್ಲಿ ಮತ ಹಾಕಿಸಿದ್ದುಂಟು. ಒಂದೇ ಹಾಡು ಎಂಬುದನ್ನು ಗಮನಿಸಬೇಕು. ಪಟ್ಟಿಯನ್ನೇ ಜನರ ಕೈಗೆ ಕೊಟ್ಟರೆ ಊರೂರಿಗೂ ಅದೇ ಹತ್ತು ಹಾಡು ಬರುತ್ತವೆ, ಉಳಿದವು ಹಾಡುವವರ ನಾಲಿಗೆಯಿಂದಲೂ ಜಾರಿಹೋಗುತ್ತವೆ. ಎಲ್ಲ ವೇದಿಕೆಯೂ ಕುಮಾರರಾಮನನ್ನೇ ಕೇಳಿದರೆ ಉಳಿದ ಹನ್ನೊಂದು ಕಾವ್ಯಗಳ ಗತಿ ಏನು? ನನ್ನನ್ನು ಬಹಳ ಕಾಲದಿಂದ ಕಾಡುವ ಪ್ರಶ್ನೆ ಇದು. ಅಚ್ಚಾದ ಕಾವ್ಯ ಕಪಾಟಿನಲ್ಲಿ ಉಳಿದೀತು. ಆದರೆ ಬುಡಿಕೆಯ ಪೆಟ್ಟು ಎಲ್ಲಿ ಬೀಳಬೇಕು, ಯಾವ ಮಾತಿಗೆ ದನಿ ಒಡೆಯಬೇಕು ಎಂಬುದು ಹಾಡುತ್ತಿದ್ದರೆ ಮಾತ್ರ ಉಳಿಯುತ್ತದೆ.

ಕೆಲವು ಹಾಡು ಬೇಕೆಂದೇ ಬಿಡುವವೂ ಇವೆ. ಗುಲಾಮಗಿರಿಯ ಹಿಂಸೆಯನ್ನು ಹಗುರವಾಗಿ ಹಾಡಿದ್ದೆಂದು ಟೀಕೆಗೆ ಗುರಿಯಾದ ‘ಬ್ರೌನ್ ಶುಗರ್’ ಹಾಡನ್ನು 2021ರ ಪ್ರವಾಸದಲ್ಲಿ ರೋಲಿಂಗ್ ಸ್ಟೋನ್ಸ್ ಕೈಬಿಟ್ಟಿತು. ಐವತ್ತು ವರ್ಷ ಕುಣಿಸಿದ ಹಾಡು ಅದು. ಬಂಡ್ರಿಗೆ ಬಂದ ಆ ತಂಡದ ಪುಸ್ತಕದಲ್ಲೂ ಅಂಥದೊಂದು ಇತ್ತು. ಹಿಂದೆ ಸಾಲು ಟಿಕ್ಕು ಗಿಟ್ಟಿಸಿದ್ದ ದ್ವಂದ್ವಾರ್ಥದ ಹಾಡು. ಹೊಸದಾಗಿ ಸೇರಿದ ಹುಡುಗಿ ತಾನು ಹಾಡುವುದಿಲ್ಲ ಎಂದಳಂತೆ. ಯಜಮಾನರು ವಾದ ಮಾಡಲಿಲ್ಲ, ಅಡ್ಡಗೆರೆ ಎಳೆದರು. ಸರಿಯಾಗಿ ಮಾಡಿದರು. ಜನ ಕೇಳುತ್ತಾರೆ ಎಂಬುದಷ್ಟೇ ಕಾರಣವಾದರೆ ನಮ್ಮ ಹಳೆಯ ಹಾಸ್ಯಪದಗಳಲ್ಲಿ ಜಾತಿ ಹಿಡಿದು ಚುಚ್ಚುವಂಥವನ್ನೂ ಹಾಡುತ್ತಲೇ ಇರಬೇಕಾಗುತ್ತದೆ.

ಹೊಸದು ಬಂದಾಗ ಹಳೆಯದು ಹಿಂದೆ ಸರಿಯುತ್ತದೆ ಎಂಬ ನಂಬಿಕೆ ಕನ್ನಡದ ವೇದಿಕೆಗಳಲ್ಲಿ ನಿಂತಿಲ್ಲ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಗಳನ್ನೇ ನೋಡಿ. ಭಜನೆ ಮೇಳದವರು ಏಕತಾರಿ, ದಮ್ಮಡಿಯ ಜೊತೆ ಹಾಡುತ್ತಿದ್ದವನ್ನು ಸಿ. ಅಶ್ವತ್ಥ್ ತಮ್ಮ ಏರುದನಿಯಲ್ಲಿ ನಾಡಿನ ಮನೆಮನೆಗೆ ತಂದರು. 1990ರ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ಅವರದೇ ಸಂಗೀತ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆದಾಗ ಅವರು ಹಾಡಿದ್ದೆಲ್ಲ ಹಳೆಯ ಕವಿತೆ, ಹಳೆಯ ಪದ. ಮೈದಾನ ಹಿಡಿಸಲಾರದಷ್ಟು ಜನ. ಅದೇ ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರು, ಡ್ರಮ್ಸ್ ಕಟ್ಟಿಕೊಂಡು ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಹಾಡಿದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೂ ಅವರ ತಂಡ ಹೋಗಿ ಬಂತು. ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಈಗ ಆ ತಂಡಕ್ಕೂ ತನ್ನದೇ ಹಳೆಯ ಹಾಡುಗಳಿವೆ, ಬಿಡಲಾಗದ ಕುದುರೆಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯವು ನೂರೈವತ್ತು ವರ್ಷದ ಹಿಂದಿನ ತತ್ವಪದಗಳೇ ಎಂಬುದು ನನಗೆ ತುಂಬ ಸಂತೋಷ ಕೊಡುವ ಸಂಗತಿ. ಎಂದೋ ಯಾರೋ ಭಜನೆಯ ರಾತ್ರಿಯಲ್ಲಿ ಆ ಪದಗಳಿಗೆ ಒಂದು ಜಾಗ ಬಿಟ್ಟಿದ್ದರು, ಅಲ್ಲಿಂದ ಕೈಯಿಂದ ಕೈಗೆ ಜಾಗ ಸಿಗುತ್ತ ಬಂತು.

ಇನ್ನು ಶ್ರುತಿಯ ಮಾತು. ಹಾಡು ಹಳೆಯದಾದ ಹಾಗೆ ಹಾಡುವವರೂ ಹಳಬರಾಗುತ್ತಾರೆ, ಅದನ್ನು ಯಾವ ಪಟ್ಟಿಯೂ ಮುಚ್ಚಿಡಲಾರದು. ಮೈಕು ಇಲ್ಲದ ಕಾಲದಲ್ಲಿ ಕಂಪನಿ ನಾಟಕದವರು ಕಡೆಯ ಸಾಲಿಗೂ ಕೇಳಬೇಕೆಂದು ಹಾರ್ಮೋನಿಯಂನ ಮೇಲಿನ ಮನೆಗಳಲ್ಲಿ ಹಾಡಿದರು. ಮರಿಯಮ್ಮನಹಳ್ಳಿಯಂಥ ರಂಗಭೂಮಿಯ ಊರು ನಮ್ಮ ಪಕ್ಕದಲ್ಲೇ ಇರುವುದರಿಂದ ಆ ದನಿಯ ರುಚಿ ಇಲ್ಲಿನವರಿಗೆ ಗೊತ್ತು. ಅದೇ ರಂಗಗೀತೆಯನ್ನು ಅರವತ್ತು ದಾಟಿದವರು ಹಾಡಬೇಕಾದರೆ ಶ್ರುತಿ ಇಳಿಸಬೇಕು. ಕರಿ ಎರಡರಿಂದ ಬಿಳಿ ಒಂದಕ್ಕೆ ಬಂದರೆ ಮೂರು ಮನೆ ಇಳಿದಂತೆ. ಹಳೆಯ ರಾಕ್ ತಂಡಗಳೂ ಗಿಟಾರಿನ ತಂತಿ ಸಡಿಲಿಸಿ ಇದನ್ನೇ ಮಾಡುತ್ತವೆ. ಇದನ್ನು ಸೋಲು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಎತ್ತರ ಇಳಿದಾಗ ಮಾತು ಹತ್ತಿರ ಬರುತ್ತದೆ. ಹುರುಪಿನಲ್ಲಿ ಹಾರಿಹೋಗುತ್ತಿದ್ದ ಅರ್ಥ ಆಗ ನಿಧಾನವಾಗಿ ಕಿವಿಗೆ ಬೀಳುತ್ತದೆ.

ಆ ರಾತ್ರಿ ಬಂಡ್ರಿಯಲ್ಲಿ ಗಣಪತಿ ಸ್ತುತಿಯಿಂದ ಶುರುವಾಯಿತು. ರಾಜಕುಮಾರರ ನಾಲ್ಕು, ಹೊಸ ಸಿನಿಮಾದ ಕುಣಿತದವು ಎಂಟೋ ಹತ್ತೋ. ಚೀಟಿಗಳು ಬಂದವು, ‘ಆಕಸ್ಮಿಕ’ ಚಿತ್ರದ ನಾಡಿನ ಹಾಡು ಎರಡು ಸಲ ಆಯಿತು. ಎರಡು ಗಂಟೆಯ ಹೊತ್ತಿಗೆ ಹುಡುಗರು ದಣಿದು ಮೋಟಾರ್ ಸೈಕಲ್ ಹತ್ತಿದರು. ಆಗ ಯಜಮಾನರು ಪಟ್ಟಿಯಲ್ಲಿ ತಾವೇ ಬಿಟ್ಟುಕೊಂಡಿದ್ದ ಒಂದು ಖಾಲಿ ಸಾಲಿಗೆ ಬಂದರು. ಯಾವ ಚೀಟಿಯೂ ಕೇಳದ ಹಳೆಯ ರಂಗಗೀತೆ ಅದು. ಡ್ರಮ್ಸ್ ನಿಲ್ಲಿಸಿ, ಕೀಬೋರ್ಡಿನಲ್ಲಿ ಹಾರ್ಮೋನಿಯಂ ದನಿ ಹಚ್ಚಿಕೊಂಡು ತಾವೇ ಹಾಡಿದರು. ಗುಡಿಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದ ಮೂವರು ಮುದುಕರು ಎದ್ದು ಕೂತರು. ಒಬ್ಬರು ಮೆಲ್ಲಗೆ ನಡೆದುಬಂದು ವೇದಿಕೆಯ ಕಂಬ ಹಿಡಿದು ನಿಂತು, ಕೊನೆಯವರೆಗೂ ತುಟಿ ಆಡಿಸುತ್ತಲೇ ಇದ್ದರು.

ಹಾಡು ಮುಗಿದ ಮೇಲೆ ಪುಸ್ತಕ ನೋಡಿದೆ. ಆ ಸಾಲಿನ ಮುಂದೆ ಟಿಕ್ಕೂ ಇರಲಿಲ್ಲ, ಸೊನ್ನೆಯೂ ಇರಲಿಲ್ಲ. ಮುಂದಿನ ವರ್ಷಕ್ಕೆಂದು ಶ್ರುತಿ ಮಾತ್ರ ಬರೆದುಕೊಂಡಿದ್ದರು: ಬಿಳಿ ಒಂದು.