ಬರದ ನಾಡಿನಿಂದ ಲೋಕದ ಪರಿಚರ್ಯೆಗೆ: ಕಾಲೇಜು ವಿದ್ಯಾರ್ಥಿಗಳೂ ಸಭೆಯ ಪರಿಹಾರಕಾರ್ಯವೂ

ದೂರದೇಶಗಳಲ್ಲಿ ಯುದ್ಧ, ಭೂಕಂಪ, ಕ್ಷಾಮಗಳು ಸಂಭವಿಸಿದಾಗ ನಮ್ಮ ಸಭೆಗಳ ಕಾಲೇಜು ವಿದ್ಯಾರ್ಥಿಗಳು ಸಭಾಪಾಲಕರ ಮುಂದಿಡುವ ಪ್ರಶ್ನೆಯೊಂದುಂಟು: ಈ ಸಂಕಟದಲ್ಲಿ ನಾವು ಮಾಡಬಹುದಾದುದೇನು? ಪ್ರಾರ್ಥಿಸಿರಿ, ಕಾಣಿಕೆ ಕೊಡಿರಿ ಎಂಬ ಉತ್ತರ ಸರಿಯೇ. ಆದರೆ ಅಷ್ಟೇ ಸಾಲದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಸೇವೆಮಾಡುವವರು ಉತ್ತರ ಹೇಳುವ ಮೊದಲು ತಮ್ಮ ನೆಲದ ಚರಿತ್ರೆಯನ್ನು ನೆನೆಯುವುದು ಒಳಿತು.

ಈ ಸೀಮೆ ಹಿಂದೆ ಕಲಾದಗಿ ಜಿಲ್ಲೆಗೆ ಸೇರಿತ್ತು. 1876–78ರ ಮಹಾಕ್ಷಾಮದಲ್ಲಿ ಮುಂಬಯಿ ಪ್ರಾಂತದ ಅತ್ಯಂತ ಪೀಡಿತ ಜಿಲ್ಲೆಗಳಲ್ಲಿ ಅದೂ ಒಂದು. 1872 ಮತ್ತು 1881ರ ಜನಗಣತಿಗಳ ನಡುವೆ ಅದರ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಕುಗ್ಗಿತು. ಆಗ ಈ ನಾಡೇ ಲೋಕದ ನೆರವಿಗಾಗಿ ಕೈಚಾಚಿತ್ತು. ದಕ್ಷಿಣ ಭಾರತದ ಕ್ಷಾಮಪೀಡಿತರಿಗಾಗಿ 1877ರಲ್ಲಿ ಲಂಡನ್ನಿನ ಮೇಯರರ ಮ್ಯಾನ್ಷನ್ ಹೌಸ್ ನಿಧಿಗೆ ಹಣ ಕೂಡಿತು. 1851ರಿಂದ ಗುಳೇದಗುಡ್ಡದಲ್ಲಿ ಠಾಣೆ ಹೊಂದಿದ್ದ ಬಾಸೆಲ್ ಮಿಶನ್ನಿನಂಥ ಸಂಸ್ಥೆಗಳು ಹಸಿದವರ ಸೇವೆಗೆ ನಿಂತವು. ಆದರೆ ಅಂಥ ಕಾಲಗಳಿಂದಲೇ ಮತ್ತೊಂದು ಮಾತೂ ಹುಟ್ಟಿತು: ಕ್ರೈಸ್ತರು ಅನ್ನ ಕೊಟ್ಟು ಮತ ಕೊಳ್ಳುತ್ತಾರೆಂಬ ಸಂಶಯ. ಇಂದು ಪರಿಹಾರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿ ಈ ಕೃತಜ್ಞತೆಗೂ ಈ ಸಂಶಯಕ್ಕೂ ಸಮಾನವಾಗಿ ವಾರಸುದಾರನು.

ಅಪೊಸ್ತಲರ ಕೃತ್ಯಗಳು 11ನೆಯ ಅಧ್ಯಾಯದಲ್ಲಿ ಕ್ಷಾಮದ ಮುನ್ಸೂಚನೆ ಬಂದೊಡನೆ ಅಂತಿಯೋಕ್ಯದ ಶಿಷ್ಯರು ಯೂದಾಯದವರಿಗೆ ತಮ್ಮ ಶಕ್ತ್ಯನುಸಾರ ನೆರವು ಕಳುಹಿಸಿದರು. ಸುವಾರ್ತೆಯನ್ನು ಪಡೆದ ಹೊಸ ಸಭೆಯೇ ಅದನ್ನು ಕೊಟ್ಟ ತಾಯಿಸಭೆಗೆ ಆಸರೆಯಾಯಿತು. ಎರಡನೆಯ ಕೊರಿಂಥ 8ರಲ್ಲಿ ಪೌಲನು ಬಡವರಾದ ಮಕೆದೋನ್ಯದವರ ಔದಾರ್ಯವನ್ನು ಮಾದರಿಯಾಗಿ ತೋರಿಸಿ, ಒಬ್ಬರ ಸಮೃದ್ಧಿ ಮತ್ತೊಬ್ಬರ ಕೊರತೆಯನ್ನು ನೀಗಿಸುವ ಸಮಾನತೆಯನ್ನು ಬೋಧಿಸುತ್ತಾನೆ. ಹಾಗಾದರೆ ಕೊಡುವವರು ಯಾವಾಗಲೂ ಕೊಡುವವರೇ, ಪಡೆಯುವವರು ಯಾವಾಗಲೂ ಪಡೆಯುವವರೇ ಎಂಬ ಎಣಿಕೆ ಸುವಾರ್ತೆಗೆ ಸಲ್ಲದು. ಬರಸೀಮೆಯ ವಿದ್ಯಾರ್ಥಿಯೂ ಲೋಕಕ್ಕೆ ಸಾಲಗಾರನು, ಲೋಕಕ್ಕೆ ದಾತನೂ ಹೌದು.

ವಿದ್ಯಾರ್ಥಿಗಳಿಗೆ ಇಂಥ ಕಾರ್ಯ ಹೊಸದಲ್ಲ. 1895ರಲ್ಲಿ ಸ್ಥಾಪಿತವಾದ ಜಾಗತಿಕ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟವು 1920ರಲ್ಲಿ, ಮಹಾಯುದ್ಧದಿಂದ ಜರ್ಜರಿತವಾದ ಯೂರೋಪಿನ ವಿದ್ಯಾರ್ಥಿಗಳಿಗಾಗಿ ಪರಿಹಾರಕಾರ್ಯವನ್ನು ಆರಂಭಿಸಿತು. ವಿಯೆನ್ನಾದ ವಿದ್ಯಾರ್ಥಿಗಳ ಹಸಿವನ್ನು ಕಣ್ಣಾರೆ ಕಂಡ ರೂತ್ ರೌಸ್ ಅವರ ಕರೆ ಅದಕ್ಕೆ ಪ್ರೇರಣೆಯಾಯಿತು. ಜನಾಂಗ, ದೇಶ, ಮತಗಳನ್ನು ನೋಡದೆ ಅಗತ್ಯವನ್ನು ಮಾತ್ರ ನೋಡಬೇಕು, ಪಡೆಯುವವರು ತಮ್ಮ ಕಾಲಮೇಲೆ ನಿಲ್ಲುವಂತಾಗಬೇಕು ಎಂಬುದು ಅದರ ನಿಯಮ. ಅದೇ ಪರಂಪರೆಯ ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿ 1912ರಲ್ಲಿ ಹುಟ್ಟಿತು.

ಇಂದಿನ ವಿದ್ಯಾರ್ಥಿಗೆ ದಾರಿ ಯಾವುದು? ಮೊದಲನೆಯದು, ಸಮೀಪದ ಸಂಕಟದಲ್ಲಿ ಕಲಿಕೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಬಾದಾಮಿ, ಹುನಗುಂದ ತಾಲೂಕುಗಳ ಹೊಳೆದಂಡೆಯ ಹಳ್ಳಿಗಳು ಜಲಾವೃತವಾದವು. ಅಂಥ ಹೊತ್ತಿನಲ್ಲಿ ಮನೆಮನೆಗೆ ಹೋಗಿ ಅಗತ್ಯದ ಪಟ್ಟಿ ಮಾಡಲು, ವೃದ್ಧರನ್ನೂ ಬಾಣಂತಿಯರನ್ನೂ ಮೊದಲು ಗುರುತಿಸಲು ತರಬೇತಾದ ಕೈಗಳು ಬೇಕು. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಘಟಕವೇ ಇದಕ್ಕೆ ತೆರೆದ ಬಾಗಿಲು. ಅಲ್ಲಿ ಅನ್ಯಮತದ ಗೆಳೆಯರೊಡನೆ ದುಡಿಯುವುದೂ ಒಂದು ಶಿಕ್ಷಣ.

ಎರಡನೆಯದು, ವಿದ್ಯೆಯನ್ನೇ ಸೇವೆಯಾಗಿಸುವುದು. ಪರಿಹಾರಕ್ಷೇತ್ರದಲ್ಲಿ ಉತ್ಸಾಹಕ್ಕಿಂತ ಕೌಶಲ್ಯಕ್ಕೆ ಬೆಲೆ. ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡವು ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನರಿಗೆ ಒಂದು ಶೌಚಾಲಯ ಎಂದು ಗೊತ್ತುಪಡಿಸುತ್ತದೆ. ಇದನ್ನು ಒದಗಿಸಲು ಎಂಜಿನಿಯರು, ದಾದಿ, ಲೆಕ್ಕಿಗರು ಎಲ್ಲರೂ ಬೇಕು. 1947ರಲ್ಲಿ ದೇಶವಿಭಜನೆಯ ನಿರಾಶ್ರಿತರ ಸೇವೆಗಾಗಿ ಹುಟ್ಟಿದ ಕಾಸಾ ಸಂಸ್ಥೆ ಇಂದು ಆ್ಯಕ್ಟ್ ಅಲಯನ್ಸ್ ಎಂಬ ಜಾಗತಿಕ ಸಭಾಕೂಟದ ಸದಸ್ಯ. ಅದರಂಥ ಸಂಸ್ಥೆಗಳ ಮೂಲಕ ಇಲ್ಲಿಯ ದುಡಿಮೆ ಲೋಕದ ದುಡಿಮೆಯೊಡನೆ ಕೂಡಿಕೊಳ್ಳುತ್ತದೆ. ಒಂದು ವಾರದ ಪ್ರವಾಸಕ್ಕೆ ವಿಮಾನದ ಹಣ ಕೂಡಿಸುವುದಕ್ಕಿಂತ ಇಂಥ ಸಿದ್ಧತೆ ಹೆಚ್ಚು ಫಲ ಕೊಡುತ್ತದೆ.

ಮೂರನೆಯದು, ಲೆಕ್ಕದ ಶುದ್ಧತೆ. ಕಾಣಿಕೆಯ ವಿಷಯದಲ್ಲಿ ಯಾರೂ ತನ್ನನ್ನು ದೂರದಂತೆ ಪೌಲನು ತೀತನೊಡನೆ ಸಭೆಗಳು ಆರಿಸಿದ ಸಹೋದರನನ್ನು ಕಳುಹಿಸಿದನು. ನಮ್ಮ ದೇಶದಲ್ಲಿ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಂತೆ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ಹೊರದೇಶದ ಹಣ ಪಡೆಯಲಾಗದು. 2020ರ ತಿದ್ದುಪಡಿಯ ನಂತರ ಪಡೆದವರು ಅದನ್ನು ಬೇರೊಂದು ಸಂಸ್ಥೆಗೆ ದಾಟಿಸಲೂ ಆಗದು. ವಿದೇಶದ ಗೆಳೆಯರ ಹಣವನ್ನು ಸೇವೆಗೆಂದು ತನ್ನ ಖಾತೆಗೆ ತರಿಸಿಕೊಳ್ಳುವ ಯುವಕನನ್ನು ಸಭಾಪಾಲಕರು ಮೊದಲೇ ಎಚ್ಚರಿಸಬೇಕು.

ನಾಲ್ಕನೆಯದು, ಶರತ್ತಿಲ್ಲದ ಕೊಡುಗೆ. 1994ರಲ್ಲಿ ರೆಡ್ ಕ್ರಾಸ್ ಹಾಗೂ ಸ್ವಯಂಸೇವಾ ಸಂಸ್ಥೆಗಳು ಒಪ್ಪಿದ ನಡವಳಿಕೆಯ ಸಂಹಿತೆ, ನೆರವನ್ನು ಯಾವುದೇ ಮತಪ್ರಚಾರದ ಸಾಧನವಾಗಿಸಬಾರದೆನ್ನುತ್ತದೆ. ಇದು ಸಾಕ್ಷಿಗೆ ಅಡ್ಡಿಯೆಂದು ಕೆಲವರು ಭಾವಿಸಬಹುದು. ಆದರೆ ಸಾಮ್ಯದಲ್ಲಿಯ ಸಮಾರ್ಯದವನು ಗಾಯಾಳುವಿನಿಂದ ಏನನ್ನೂ ಕೇಳಲಿಲ್ಲ; ವಸತಿಗೃಹದವನಿಗೆ ಹಣ ಕೊಟ್ಟು ತನ್ನ ದಾರಿ ಹಿಡಿದನು. ಹಸಿದವನ ಮುಂದೆ ಅನ್ನದ ಜೊತೆಗೆ ದೀಕ್ಷಾಸ್ನಾನವನ್ನೂ ಇಟ್ಟರೆ ಅವನ ನಂಬಿಕೆಯ ಸ್ವಾತಂತ್ರ್ಯಕ್ಕೂ ಸಂಸ್ಕಾರದ ಘನತೆಗೂ ಕುಂದು. ಪಡೆಯುವವರ ದೈನ್ಯದ ಚಿತ್ರ ತೆಗೆದು ಹಂಚುವುದೂ ಒಂದು ಬಗೆಯ ಬೆಲೆ ವಸೂಲಿಯೇ.

ಸಭಾಪಾಲಕರ ಹೊಣೆ ಇಲ್ಲಿ ದೊಡ್ಡದು. ಯುವಜನರನ್ನು ವೇದಾಧ್ಯಯನದಲ್ಲಿ ಕೂಡಿಸಿ ಈ ನಾಲ್ಕನ್ನೂ ಕಲಿಸಲಿ. ಸೇವೆಗೆ ಹೊರಡುವವರನ್ನು ಆರಾಧನೆಯಲ್ಲಿ ಪ್ರಾರ್ಥಿಸಿ ಕಳುಹಿಸಲಿ. ಮರಳಿದವರಿಂದ ಲೆಕ್ಕವನ್ನೂ ವರದಿಯನ್ನೂ ಸಭೆ ಕೇಳಿಸಿಕೊಳ್ಳಲಿ. ಹಾಗೆ ನಡೆದರೆ ವಿದ್ಯಾರ್ಥಿಯ ಉತ್ಸಾಹ ಅವನೊಬ್ಬನದಾಗಿ ಉಳಿಯದೆ ಸಭೆಯ ಪರಿಚರ್ಯೆಯಾಗುತ್ತದೆ.