ಗಣಕಯಂತ್ರದ ವೇಗವರ್ಧನೆ: ಲಾಭದ ಲೆಕ್ಕದಲ್ಲಿ ಶಾಖದ ಬಾಬತ್ತು

ಲಗ್ನಪತ್ರಿಕೆಯ ವಿನ್ಯಾಸದಿಂದ ಹಿಡಿದು ಕಾರ್ಖಾನೆಯ ಯಂತ್ರಭಾಗಗಳ ನಕ್ಷೆಯವರೆಗೆ, ಗಣಕಯಂತ್ರದ ನೆರವಿಲ್ಲದೆ ನಡೆಯುವ ಉದ್ದಿಮೆ ಇಂದು ವಿರಳ. ಮುದ್ರಣಾಲಯ, ವಾಸ್ತುಶಿಲ್ಪಿಗಳ ಕಚೇರಿ, ವಿಡಿಯೊ ಸಂಕಲನ ಘಟಕ, ಅನಿಮೇಷನ್ ಸ್ಟುಡಿಯೊ ಮುಂತಾದೆಡೆಗಳಲ್ಲಿ ಪ್ರೊಸೆಸರ್ ಒಂದು ಕೆಲಸವನ್ನು ಎಷ್ಟು ನಿಮಿಷಗಳಲ್ಲಿ ಮುಗಿಸುತ್ತದೆ ಎಂಬುದನ್ನು ಅವಲಂಬಿಸಿಯೇ ದಿನಕ್ಕೆ ಎಷ್ಟು ಆರ್ಡರ್‌ಗಳನ್ನು ಪೂರೈಸಬಹುದು ಎಂಬುದು ನಿರ್ಧಾರವಾಗುತ್ತದೆ. ಹೀಗಿರುವಾಗ ಹೊಸ ಯಂತ್ರಕ್ಕೆ ಬಂಡವಾಳ ಹೂಡುವ ಬದಲು ಇರುವ ಯಂತ್ರದಿಂದಲೇ ಹೆಚ್ಚಿನ ವೇಗವನ್ನು ಪಡೆಯುವ ‘ಓವರ್‌ಕ್ಲಾಕಿಂಗ್’ ವಿಧಾನದತ್ತ ಸಣ್ಣ ಉದ್ದಿಮೆದಾರರ ಗಮನ ಹರಿಯುವುದು ಸಹಜ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಯಲ್ಲಿ ಬಿಡಿಭಾಗಗಳನ್ನು ಕೊಂಡು ಯಂತ್ರ ಜೋಡಿಸಿಕೊಳ್ಳುವವರಿಗೆ ಇದಕ್ಕೆ ಬೇಕಾದ ಸಾಮಗ್ರಿಗಳೂ ಸುಲಭವಾಗಿ ದೊರೆಯುತ್ತವೆ. ಆದರೆ ಈ ವೇಗ ಪುಕ್ಕಟೆಯಾಗಿ ಬರುವುದಿಲ್ಲ. ಅದರ ಬೆಲೆಯನ್ನು ಶಾಖದ ರೂಪದಲ್ಲಿ ತೆರಬೇಕಾಗುತ್ತದೆ. ಆ ಶಾಖವನ್ನು ಹೊರಹಾಕುವ ವ್ಯವಸ್ಥೆ ಇಲ್ಲದಿದ್ದಲ್ಲಿ ಗಳಿಸಿದ ವೇಗವೂ ಉಳಿಯದು, ಯಂತ್ರದ ಆಯುಷ್ಯವೂ ಕುಂದುತ್ತದೆ.

ಓವರ್‌ಕ್ಲಾಕಿಂಗ್ ಎಂದರೇನು?

ಪ್ರೊಸೆಸರ್ ಒಂದು ನಿಯತವಾದ ತಾಳಕ್ಕೆ ಅನುಗುಣವಾಗಿ ಕೆಲಸ ಮಾಡುತ್ತದೆ. ಒಂದು ಸೆಕೆಂಡಿಗೆ ಇಂತಹ ಎಷ್ಟು ಮಿಡಿತಗಳು ಎಂಬುದನ್ನು ಗಿಗಾಹರ್ಟ್ಸ್‌ನಲ್ಲಿ ಅಳೆಯಲಾಗುತ್ತದೆ. ತಯಾರಕರು ನಿಗದಿಪಡಿಸಿದ ಮಿತಿಗಿಂತ ಹೆಚ್ಚಿನ ವೇಗದಲ್ಲಿ ಅದನ್ನು ದುಡಿಸುವುದೇ ಓವರ್‌ಕ್ಲಾಕಿಂಗ್. 1998ರಲ್ಲಿ ಇಂಟೆಲ್ ಸಂಸ್ಥೆ ಬಿಡುಗಡೆ ಮಾಡಿದ ‘ಸೆಲೆರಾನ್ 300ಎ’ ಇದಕ್ಕೆ ಪ್ರಸಿದ್ಧ ನಿದರ್ಶನ. 300 ಮೆಗಾಹರ್ಟ್ಸ್‌ನ ಆ ಅಗ್ಗದ ಪ್ರೊಸೆಸರ್, ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಬಹುಮಟ್ಟಿಗೆ 450 ಮೆಗಾಹರ್ಟ್ಸ್‌ನಲ್ಲಿ ನಿರಾತಂಕವಾಗಿ ನಡೆಯುತ್ತಿತ್ತು. ಕೊಟ್ಟ ಹಣಕ್ಕಿಂತ ಒಂದೂವರೆ ಪಟ್ಟು ಕೆಲಸ!

ಅಂತಹ ಉಳಿಕೆ ಇಂದಿನ ಪ್ರೊಸೆಸರ್‌ಗಳಲ್ಲಿ ಇಲ್ಲ. 2008ರಲ್ಲಿ ಇಂಟೆಲ್‌ನ ‘ಟರ್ಬೊ ಬೂಸ್ಟ್’ ಬಂದ ನಂತರ, ತಂಪು ಮತ್ತು ವಿದ್ಯುತ್ ಇರುವಷ್ಟು ಹೊತ್ತು ಪ್ರೊಸೆಸರ್ ತಾನಾಗಿಯೇ ವೇಗ ಏರಿಸಿಕೊಳ್ಳುವ ಪದ್ಧತಿ ರೂಢಿಗೆ ಬಂದಿದೆ. ಎಎಂಡಿ ಸಂಸ್ಥೆಯ ರೈಜೆನ್ ಪ್ರೊಸೆಸರ್‌ಗಳಲ್ಲಿಯೂ ಇಂತಹ ವ್ಯವಸ್ಥೆ ಇದೆ. ಅಂದರೆ ಹಿಂದೆ ಬಳಕೆದಾರರು ಕೈಯಾರೆ ಪಡೆಯುತ್ತಿದ್ದ ಲಾಭದ ಬಹುಭಾಗವನ್ನು ತಯಾರಕರೇ ಪಡೆದು ಮಾರುತ್ತಿದ್ದಾರೆ. ಕೈಯಾರೆ ಏರಿಸಲು ಉಳಿದಿರುವ ಅವಕಾಶ ಅಲ್ಪ. ಅದಕ್ಕೆ ತೆರಬೇಕಾದ ಶಾಖ ಮಾತ್ರ ಅಧಿಕ.

ಶಾಖ ಹೆಚ್ಚುವ ಬಗೆ

ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿ ಪರಿಣಮಿಸುತ್ತದೆ. ಈ ಬಳಕೆ ವೇಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ; ಆದರೆ ವೋಲ್ಟೇಜ್ ಹೆಚ್ಚಿಸಿದಾಗ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಹೆಚ್ಚಿನ ವೇಗದಲ್ಲಿ ಪ್ರೊಸೆಸರ್ ತಪ್ಪಿಲ್ಲದೆ ನಡೆಯಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ ಎಂಬುದೇ ಇಲ್ಲಿನ ತೊಡಕು.

ಒಂದು ಉದಾಹರಣೆಯನ್ನು ನೋಡಬಹುದು. 125 ವ್ಯಾಟ್ ಬಳಸುವ ಪ್ರೊಸೆಸರ್‌ನ ವೇಗವನ್ನು ಶೇ. 10ರಷ್ಟು ಹೆಚ್ಚಿಸಲು ವೋಲ್ಟೇಜನ್ನು 1.20ರಿಂದ 1.32ಕ್ಕೆ, ಅಂದರೆ ಶೇ. 10ರಷ್ಟು ಏರಿಸಬೇಕಾಯಿತು ಎಂದಿಟ್ಟುಕೊಳ್ಳೋಣ. ಆಗ ವಿದ್ಯುತ್ ಬಳಕೆ ಶೇ. 33ರಷ್ಟು ಹೆಚ್ಚಿ ಸುಮಾರು 166 ವ್ಯಾಟ್ ಆಗುತ್ತದೆ. ಹತ್ತರ ಲಾಭಕ್ಕೆ ಮೂವತ್ತಮೂರರ ಖರ್ಚು! ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಪೂರ್ಣ ಹೊರೆಯಲ್ಲಿ ದುಡಿದರೆ ಒಂದು ಯಂತ್ರಕ್ಕೆ ಸುಮಾರು 98 ಯೂನಿಟ್ ಹೆಚ್ಚುವರಿ ವಿದ್ಯುತ್ ತಗಲುತ್ತದೆ. ಇಂತಹ ಹತ್ತು ಯಂತ್ರಗಳ ಪ್ರೊಸೆಸರ್‌ಗಳಿಂದಲೇ 1,660 ವ್ಯಾಟ್ ಶಾಖ ಕೋಣೆಗೆ ಸೇರುತ್ತದೆ. ಅದನ್ನು ಹೊರಹಾಕಲು ಹೆಚ್ಚುಕಡಿಮೆ ಅರ್ಧ ಟನ್ ಸಾಮರ್ಥ್ಯದ ಹವಾನಿಯಂತ್ರಕ ಬೇಕು. ಆ ವಿದ್ಯುತ್ ಬಿಲ್ ಬೇರೆ.

ಡಿಸೆಂಬರ್ ಲೆಕ್ಕ, ಮೇ ತಿಂಗಳ ಲೆಕ್ಕ

ಹೀಟ್‌ಸಿಂಕ್ ಮತ್ತು ಫ್ಯಾನ್ ಪ್ರೊಸೆಸರ್‌ನ ಶಾಖವನ್ನು ಸುತ್ತಲಿನ ಗಾಳಿಗೆ ಸಾಗಿಸುತ್ತವೆಯೇ ಹೊರತು ಶಾಖವನ್ನು ಇಲ್ಲವಾಗಿಸುವುದಿಲ್ಲ. ಆದ್ದರಿಂದ ಪ್ರೊಸೆಸರ್‌ನ ಉಷ್ಣಾಂಶ ಯಾವಾಗಲೂ ಕ್ಯಾಬಿನೆಟ್‌ನೊಳಗಿನ ಗಾಳಿಯ ಉಷ್ಣಾಂಶಕ್ಕಿಂತ ಮೇಲೆಯೇ ಇರುತ್ತದೆ. ಎಷ್ಟು ಮೇಲೆ ಎಂಬುದು ಕೂಲರ್‌ನ ಗುಣಮಟ್ಟವನ್ನು ಅವಲಂಬಿಸಿದೆ.

ಮೇಲಿನ ಉದಾಹರಣೆಯಲ್ಲಿ ಪ್ರತಿ ವ್ಯಾಟ್‌ಗೆ 0.3 ಡಿಗ್ರಿಯಂತೆ ಉಷ್ಣಾಂಶ ಏರುವ ಕೂಲರ್ ಇದೆಯೆಂದು ಭಾವಿಸಿದರೆ, 125 ವ್ಯಾಟ್‌ಗೆ ಸುಮಾರು 38 ಡಿಗ್ರಿ, 166 ವ್ಯಾಟ್‌ಗೆ 50 ಡಿಗ್ರಿ ಏರಿಕೆಯಾಗುತ್ತದೆ. ಡಿಸೆಂಬರ್‌ನಲ್ಲಿ ಕೋಣೆಯ ಉಷ್ಣಾಂಶ 24 ಡಿಗ್ರಿ ಸೆಲ್ಷಿಯಸ್, ಕ್ಯಾಬಿನೆಟ್‌ನೊಳಗೆ ಅದಕ್ಕಿಂತ 7 ಡಿಗ್ರಿ ಹೆಚ್ಚು ಎಂದಾದರೆ, ವೇಗ ಹೆಚ್ಚಿಸಿದ ಯಂತ್ರ 81 ಡಿಗ್ರಿಯಲ್ಲಿ ನಡೆಯುತ್ತದೆ. ಯಾವ ತೊಂದರೆಯೂ ಕಾಣದು; ಮಾಲೀಕರೂ ಸಂತುಷ್ಟರು. ಮೇ ತಿಂಗಳಲ್ಲಿ ಅದೇ ಕೋಣೆ 38 ಡಿಗ್ರಿ ತಲುಪಿದಾಗ ಅದೇ ಯಂತ್ರ 95 ಡಿಗ್ರಿಗೆ ಏರುತ್ತದೆ. ಅಷ್ಟರಲ್ಲಿ ಧೂಳು ಕಟ್ಟಿ ಕೂಲರ್‌ನ ಕ್ಷಮತೆ 0.35 ಡಿಗ್ರಿಗೆ ಕುಸಿದಿದ್ದರೆ ಲೆಕ್ಕ 103 ಡಿಗ್ರಿಯನ್ನು ತೋರಿಸುತ್ತದೆ. ವೇಗ ಹೆಚ್ಚಿಸದೆ ಬಿಟ್ಟಿದ್ದ ಯಂತ್ರ ಅದೇ ಧೂಳು, ಅದೇ ಸೆಕೆಯಲ್ಲಿಯೂ 89 ಡಿಗ್ರಿಯ ಆಸುಪಾಸಿನಲ್ಲಿಯೇ ಉಳಿಯುತ್ತದೆ.

ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಯ ಗರಿಷ್ಠ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ತಂಪು ಹವೆಗೆ ಹೆಸರಾದ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾಗಿತ್ತು. ಆದ್ದರಿಂದ ಚಳಿಗಾಲದಲ್ಲಿ ಹೊಂದಿಸಿದ ವೇಗವನ್ನು ವರ್ಷದುದ್ದಕ್ಕೂ ನಂಬುವುದು ಜಾಣತನವಲ್ಲ.

ಮಿತಿ ಮೀರಿದಾಗ ಆಗುವುದೇನು?

ಪ್ರತಿ ಪ್ರೊಸೆಸರ್‌ಗೂ ತಯಾರಕರು ಗರಿಷ್ಠ ಉಷ್ಣಾಂಶವನ್ನು ನಿಗದಿಪಡಿಸಿರುತ್ತಾರೆ. ಇಂಟೆಲ್‌ನ ಕೋರ್ ಐ9-14900ಕೆ ಪ್ರೊಸೆಸರ್‌ಗೆ ಇದು 100 ಡಿಗ್ರಿ; ಎಎಂಡಿಯ ರೈಜೆನ್ 9 7950ಎಕ್ಸ್‌ಗೆ 95 ಡಿಗ್ರಿ. ಈ ಮಿತಿ ತಲುಪಿದೊಡನೆ ಪ್ರೊಸೆಸರ್ ತನ್ನ ರಕ್ಷಣೆಗಾಗಿ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕಷ್ಟಪಟ್ಟು ಗಳಿಸಿದ ವೇಗದ ಒಂದು ಭಾಗ ಅಲ್ಲಿಯೇ ಕರಗಿಹೋಗುತ್ತದೆ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಕಾಣದ ಕಾರಣ ಮಾಲೀಕರಿಗೆ ಅದು ತಿಳಿಯುವುದೂ ಇಲ್ಲ. ಇಳಿಸಿದ ನಂತರವೂ ಉಷ್ಣಾಂಶ ಏರುತ್ತಲೇ ಹೋದರೆ ಯಂತ್ರ ತಟ್ಟನೆ ಸ್ಥಗಿತಗೊಳ್ಳುತ್ತದೆ.

ಇದಕ್ಕಿಂತ ಅಪಾಯಕಾರಿಯಾದುದು ಸದ್ದಿಲ್ಲದೆ ನುಸುಳುವ ತಪ್ಪು. ವೋಲ್ಟೇಜ್ ಸಾಲದ ಪ್ರೊಸೆಸರ್ ಎಲ್ಲ ಬಾರಿಯೂ ನಿಂತುಹೋಗುವುದಿಲ್ಲ. ಕೆಲವೊಮ್ಮೆ ತಪ್ಪು ಫಲಿತಾಂಶವನ್ನು ಕೊಟ್ಟು ಮುಂದುವರಿಯುತ್ತದೆ. ಆಟವಾಡುವವರ ಪರದೆಯಲ್ಲಿ ಒಂದು ಚುಕ್ಕೆ ತಪ್ಪಿದರೆ ನಷ್ಟವಿಲ್ಲ. ಆದರೆ ತೆರಿಗೆ ವಿವರದ ಕಡತವೋ ಗ್ರಾಹಕರ ನಕ್ಷೆಯೋ ಕೆಟ್ಟರೆ ಅದರ ಬೆಲೆ ಶೇ. 10ರ ವೇಗಕ್ಕಿಂತ ಬಹುಪಾಲು ಹೆಚ್ಚು. ಲೆಕ್ಕಪತ್ರಗಳ ಯಂತ್ರವನ್ನು ಹಾಗೂ ಸರ್ವರ್‌ಗಳನ್ನು ಓವರ್‌ಕ್ಲಾಕಿಂಗ್‌ನಿಂದ ದೂರವಿಡಬೇಕೆನ್ನುವುದು ಇದೇ ಕಾರಣಕ್ಕೆ.

ಶಾಖ ನಿರ್ವಹಣೆಯ ಮಾರ್ಗಗಳು

ಗಾಳಿಯ ಹಾದಿ: ಎಲ್ಲಕ್ಕಿಂತ ಕಡಿಮೆ ಖರ್ಚಿನ ಉಪಾಯವಿದು. ಕ್ಯಾಬಿನೆಟ್‌ನ ಮುಂಭಾಗದಿಂದ ತಂಪು ಗಾಳಿ ಒಳಬಂದು ಹಿಂಭಾಗ ಮತ್ತು ಮೇಲ್ಭಾಗದಿಂದ ಬಿಸಿಗಾಳಿ ಹೊರಹೋಗುವಂತೆ ಫ್ಯಾನ್‌ಗಳನ್ನು ಜೋಡಿಸಬೇಕು. ಕ್ಯಾಬಿನೆಟ್ಟನ್ನು ಮೇಜಿನ ಮುಚ್ಚಿದ ಖಾನೆಯೊಳಗೆ ಇಡುವುದಾಗಲಿ, ಗೋಡೆಗೆ ಒತ್ತಿ ನಿಲ್ಲಿಸುವುದಾಗಲಿ ಸಲ್ಲದು. ಹೊರಬಂದ ಬಿಸಿಗಾಳಿಯನ್ನೇ ಯಂತ್ರ ಮತ್ತೆ ಒಳಗೆಳೆದುಕೊಂಡರೆ ಎಂತಹ ದುಬಾರಿ ಕೂಲರ್ ಇದ್ದರೂ ವ್ಯರ್ಥ.

ಧೂಳು ನಿವಾರಣೆ: ಎರಡು ಮೂರು ತಿಂಗಳಿಗೊಮ್ಮೆ ಫಿಲ್ಟರ್ ಹಾಗೂ ಹೀಟ್‌ಸಿಂಕ್‌ನ ಸಂದುಗಳನ್ನು ಬ್ಲೋವರ್‌ನಿಂದ ಶುಚಿಗೊಳಿಸಬೇಕು. ಆಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದುಕೊಳ್ಳುವುದು ಅವಶ್ಯ; ಗಾಳಿಯ ರಭಸಕ್ಕೆ ಅವು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಥರ್ಮಲ್ ಪೇಸ್ಟ್: ಪ್ರೊಸೆಸರ್ ಮತ್ತು ಹೀಟ್‌ಸಿಂಕ್‌ಗಳ ನಡುವಿನ ಸೂಕ್ಷ್ಮ ತಗ್ಗುಗಳಲ್ಲಿ ಗಾಳಿ ನಿಲ್ಲದಂತೆ ತುಂಬುವುದು ಇದರ ಕೆಲಸ. ಸಾಮಾನ್ಯ ಪ್ರೊಸೆಸರ್‌ಗೆ ಬಟಾಣಿ ಕಾಳಿನ ಗಾತ್ರದಷ್ಟು ಸಾಕು. ವರ್ಷಗಳು ಕಳೆದಂತೆ ಇದು ಒಣಗುತ್ತದೆ. ಹೊರೆ ಮೊದಲಿನಷ್ಟೇ ಇದ್ದು ಉಷ್ಣಾಂಶ ಮಾತ್ರ ಏರತೊಡಗಿದರೆ, ಧೂಳನ್ನು ತೆಗೆದ ನಂತರ ಪರಿಶೀಲಿಸಬೇಕಾದುದು ಇದನ್ನೇ.

ಕೂಲರ್‌ನ ಆಯ್ಕೆ: ಪ್ರೊಸೆಸರ್‌ನ ಜೊತೆಯಲ್ಲಿ ಬರುವ ಚಿಕ್ಕ ಕೂಲರ್ ನಿಗದಿತ ವೇಗಕ್ಕೆ ಸಾಕಾಗುತ್ತದೆಯೇ ವಿನಾ ಹೆಚ್ಚುವರಿ ವೇಗಕ್ಕಲ್ಲ. ತಾಮ್ರದ ಹೀಟ್‌ಪೈಪ್‌ಗಳಿರುವ ಗೋಪುರಾಕಾರದ ಏರ್ ಕೂಲರ್ ಬಹುತೇಕ ಕಚೇರಿಗಳಿಗೆ ಯೋಗ್ಯ. ಅದರಲ್ಲಿ ಕೆಡುವ ಭಾಗ ಫ್ಯಾನ್ ಒಂದೇ. ಅದನ್ನು ಕಡಿಮೆ ಬೆಲೆಗೆ ಬದಲಿಸಬಹುದು. ಲಿಕ್ವಿಡ್ ಕೂಲರ್ ದೀರ್ಘಾವಧಿಯ ಭಾರೀ ಹೊರೆಗೆ ಉತ್ತಮವಾದರೂ ಅದರ ಪಂಪ್ ಒಂದು ದಿನ ನಿಂತರೆ ಯಂತ್ರವೂ ನಿಂತಂತೆಯೇ. ಅದೂ ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ತಂಪು ಮಾಡಲಾರದು ಎಂಬುದನ್ನು ಮರೆಯಬಾರದು.

ಹೊಂದಾಣಿಕೆ ಮತ್ತು ಪರೀಕ್ಷೆಯ ಕ್ರಮ

ಇಷ್ಟೆಲ್ಲ ತಿಳಿದೂ ವೇಗ ಹೆಚ್ಚಿಸಲು ಇಚ್ಛಿಸುವವರು ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಒಳಿತು.

1. ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಉಳಿಸಿಕೊಂಡು, ಮದರ್‌ಬೋರ್ಡಿನ ಬಯಾಸ್‌ನ ಇತ್ತೀಚಿನ ಆವೃತ್ತಿಯನ್ನು ಅಳವಡಿಸಬೇಕು.

2. ಏನನ್ನೂ ಬದಲಿಸುವ ಮೊದಲು, ಹೊರೆಯಿಲ್ಲದಾಗ ಮತ್ತು ಪೂರ್ಣ ಹೊರೆಯಿದ್ದಾಗ ಇರುವ ಉಷ್ಣಾಂಶವನ್ನು, ಕೋಣೆಯ ಉಷ್ಣಾಂಶದ ಸಹಿತ ಬರೆದಿಟ್ಟುಕೊಳ್ಳಬೇಕು. ಹೆಚ್‌ಡಬ್ಲ್ಯುಇನ್ಫೊ ಮುಂತಾದ ತಂತ್ರಾಂಶಗಳು ಇದಕ್ಕೆ ನೆರವಾಗುತ್ತವೆ.

3. ವೇಗವನ್ನು ಒಂದು ಬಾರಿಗೆ 100 ಮೆಗಾಹರ್ಟ್ಸ್‌ನಷ್ಟು ಮಾತ್ರ ಏರಿಸಬೇಕು. ವೋಲ್ಟೇಜ್ ಏರಿಸುವುದು ಕೊನೆಯ ಉಪಾಯವಾಗಿರಬೇಕು.

4. ಪ್ರತಿ ಹಂತದಲ್ಲಿಯೂ ಪ್ರೈಮ್95ನಂತಹ ತಂತ್ರಾಂಶದಿಂದ ಪರೀಕ್ಷಿಸಿ, ನಂತರ ಕಚೇರಿಯ ನಿಜವಾದ ಕೆಲಸವನ್ನು ಹಲವು ಗಂಟೆಗಳ ಕಾಲ ಮಾಡಿಸಿ ನೋಡಬೇಕು. ಒಂದೇ ಒಂದು ತಪ್ಪು ವರದಿಯಾದರೂ ಹಿಂದಿನ ಹಂತಕ್ಕೆ ಇಳಿಯಬೇಕು.

5. ಕಡೆಯ ಪರೀಕ್ಷೆಯನ್ನು ಬೇಸಿಗೆಯ ಮಧ್ಯಾಹ್ನದಲ್ಲಿ, ಕ್ಯಾಬಿನೆಟ್‌ನ ಬಾಗಿಲು ಮುಚ್ಚಿ, ನಡೆಸಬೇಕು. ದೀರ್ಘ ಹೊರೆಯಲ್ಲಿ ಉಷ್ಣಾಂಶ ಗರಿಷ್ಠ ಮಿತಿಗಿಂತ 10ರಿಂದ 15 ಡಿಗ್ರಿ ಕೆಳಗಿದ್ದರೆ ನೆಮ್ಮದಿ.

ವಾರಂಟಿ ಮತ್ತು 2024ರ ಪಾಠ

ನಿಗದಿತ ಮಿತಿ ಮೀರಿ ದುಡಿಸಿದ್ದರಿಂದ ಆದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂಬುದನ್ನು ಉದ್ದಿಮೆದಾರರು ಗಮನಿಸಬೇಕು. ಇಂತಹ ಹಾನಿಗೆ ಪ್ರತ್ಯೇಕ ಶುಲ್ಕದ ರಕ್ಷಣೆ ಒದಗಿಸುತ್ತಿದ್ದ ಯೋಜನೆಯೊಂದು ಇಂಟೆಲ್‌ನಲ್ಲಿತ್ತು. 2021ರ ಮಾರ್ಚ್‌ನಲ್ಲಿ ಅದನ್ನೂ ನಿಲ್ಲಿಸಲಾಯಿತು.

ಅಧಿಕ ವೋಲ್ಟೇಜ್ ಏನು ಮಾಡಬಲ್ಲದು ಎಂಬುದಕ್ಕೆ 2024ರ ಬೆಳವಣಿಗೆ ಸಾಕ್ಷಿ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಸ್ಥಿರವಾಗತೊಡಗಿದಾಗ, ಮೈಕ್ರೊಕೋಡ್‌ನಲ್ಲಿನ ದೋಷದಿಂದಾಗಿ ಪ್ರೊಸೆಸರ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತೆಂದು ಆ ವರ್ಷದ ಜುಲೈನಲ್ಲಿ ಸಂಸ್ಥೆಯೇ ತಿಳಿಸಿತು. ಆಗಸ್ಟ್‌ನಲ್ಲಿ ಬಯಾಸ್ ಮೂಲಕ ಪರಿಹಾರವನ್ನು ನೀಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆದರೆ ಈಗಾಗಲೇ ಕೆಟ್ಟಿದ್ದ ಪ್ರೊಸೆಸರ್‌ಗಳನ್ನು ಆ ಪರಿಹಾರ ಸರಿಪಡಿಸಲಾರದಾಗಿತ್ತು; ಅವನ್ನು ಬದಲಿಸುವುದೊಂದೇ ದಾರಿಯಾಗಿತ್ತು. ಬಳಕೆದಾರರು ಏನನ್ನೂ ಬದಲಿಸದಿದ್ದಾಗಲೇ ಹೀಗಾದರೆ, ಕೈಯಾರೆ ವೋಲ್ಟೇಜ್ ಏರಿಸುವವರು ಎಷ್ಟು ಎಚ್ಚರದಿಂದಿರಬೇಕು ಎಂಬುದನ್ನು ಊಹಿಸಬಹುದು.

ಉದ್ದಿಮೆದಾರರಿಗೆ ಸೂಕ್ತ ಮಾರ್ಗ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಪ್ರೊಸೆಸರ್‌ಗೂ ಒಪ್ಪುತ್ತದೆ. ಇಲ್ಲಿ ಹಾಸಿಗೆಯೆಂದರೆ ಶಾಖವನ್ನು ಹೊರಹಾಕುವ ಸಾಮರ್ಥ್ಯ. ಇಂದಿನ ಪ್ರೊಸೆಸರ್ ತಂಪಾಗಿದ್ದಷ್ಟೂ ಹೆಚ್ಚು ಹೊತ್ತು ತಾನಾಗಿಯೇ ವೇಗವಾಗಿ ಓಡುವುದರಿಂದ, ಉತ್ತಮ ಕೂಲರ್, ಸರಿಯಾದ ಗಾಳಿಯ ಹಾದಿ ಮತ್ತು ನಿಯಮಿತ ಶುಚಿತ್ವಕ್ಕೆ ಮಾಡಿದ ವೆಚ್ಚವೇ ವೇಗಕ್ಕೆ ಹೂಡಿದ ಬಂಡವಾಳವಾಗುತ್ತದೆ. ಇದರಿಂದ ವಾರಂಟಿಗೂ ಧಕ್ಕೆಯಿಲ್ಲ.

ಹೊರೆ ಹೆಚ್ಚಿರುವ ಘಟಕಗಳು ಬಯಾಸ್‌ನಲ್ಲಿ ವಿದ್ಯುತ್ ಬಳಕೆಯ ಮಿತಿಯನ್ನು ಕೊಂಚ ತಗ್ಗಿಸುವುದನ್ನೂ ಪರಿಶೀಲಿಸಬಹುದು. ಕೋರ್ ಐ9-14900ಕೆಯ ಮೂಲ ಬಳಕೆ 125 ವ್ಯಾಟ್ ಆಗಿದ್ದು, ಗರಿಷ್ಠ ವೇಗದ ಬೆನ್ನುಹತ್ತಿದಾಗ ಅದು 253 ವ್ಯಾಟ್‌ವರೆಗೆ ಏರುತ್ತದೆ. ವೇಗದ ಕೊನೆಯ ಕೆಲವು ಮೆಟ್ಟಿಲುಗಳೇ ಅತ್ಯಂತ ದುಬಾರಿ. ಅವನ್ನು ಬಿಟ್ಟುಕೊಟ್ಟರೆ ಅಲ್ಪ ವೇಗದ ಬದಲಿಗೆ ಗಣನೀಯ ತಂಪು ದೊರೆಯುತ್ತದೆ. ಪತ್ರವ್ಯವಹಾರ, ಬಿಲ್ಲಿಂಗ್ ಮುಂತಾದ ಕೆಲಸಗಳಷ್ಟೇ ಇರುವ ಕಚೇರಿಗಳಲ್ಲಿ ಯಂತ್ರ ನಿಧಾನವೆನಿಸಿದರೆ, ಮೆಮೊರಿ ಹೆಚ್ಚಿಸುವುದು ಅಥವಾ ಹಳೆಯ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಅಳವಡಿಸುವುದು ಹೆಚ್ಚು ಫಲಕಾರಿ.

ಯಂತ್ರದ ಮೌಲ್ಯವನ್ನು ಅದು ಒಂದು ನಿಮಿಷ ತೋರಿಸುವ ಗರಿಷ್ಠ ಅಂಕಿಯಿಂದ ಅಳೆಯಲಾಗದು. ಮೇ ತಿಂಗಳ ಇಳಿಹೊತ್ತಿನಲ್ಲಿ, ಗ್ರಾಹಕರು ಕಾದು ಕುಳಿತಿರುವಾಗ, ತಪ್ಪಿಲ್ಲದೆ ಅದು ಎಷ್ಟು ಕೆಲಸವನ್ನು ಮುಗಿಸಿಕೊಡುತ್ತದೆ ಎಂಬುದೇ ವ್ಯವಹಾರದ ದೃಷ್ಟಿಯಿಂದ ನಿಜವಾದ ವೇಗ. ಆದ್ದರಿಂದ ಫೆಬ್ರುವರಿ ಮುಗಿಯುವುದರೊಳಗೆ ಕಚೇರಿಯ ಪ್ರತಿ ಯಂತ್ರವನ್ನೂ ಒಮ್ಮೆ ಶುಚಿಗೊಳಿಸಿ, ಅದರ ಉಷ್ಣಾಂಶವನ್ನು ದಾಖಲಿಸಿಡುವುದು ಪ್ರತಿಯೊಬ್ಬ ಉದ್ದಿಮೆದಾರರೂ ಕೈಗೊಳ್ಳಬಹುದಾದ ಮೊದಲ ಕ್ರಮ.