ಮನೆಯೊಳಗಣ ಊಳಿಗ

ನಮ್ಮ ಭಾಷೆಯಲ್ಲಿ 'ಆಳು' ಎಂಬ ಮಾತಿಗೆ ಒಂದು ವಿಚಿತ್ರವಾದ ಇಬ್ಬಗೆಯುಂಟು. ಕ್ರಿಯಾಪದವಾದಾಗ ಅದು ಅರಸನ ಕೆಲಸ. ನಾಮಪದವಾದಾಗ ಸೇವಕನ ಹೆಸರು. ನಾಡನ್ನು ಆಳುವವನೂ ಅವನ ಬಾಗಿಲಲ್ಲಿ ಕೈಕಟ್ಟಿ ನಿಂತ ಆಳೂ ಒಂದೇ ಎರಡಕ್ಷರದಲ್ಲಿ ಅಡಗಿದ್ದಾರೆ. ಊಳಿಗ, ತೊತ್ತು, ಚಾಕರಿ, ತಿಂಗಳಾಳು, ಇವೊಂದೊಂದೂ ಒಂದೊಂದು ಕಾಲದ ಬಾಳುವೆಯ ಗುರುತು. 'ಜೀತ'ವೆಂದರೆ ಹಳಗನ್ನಡದಲ್ಲಿ ದುಡಿದುದಕ್ಕೆ ದೊರೆವ ಪ್ರತಿಫಲವೆಂದಷ್ಟೇ ಅರ್ಥ. 'ಜೀವಿತ'ದಿಂದ ಹುಟ್ಟಿದ ಈ ಶುದ್ಧವಾದ ಮಾತು ಕಾಲಕ್ರಮದಲ್ಲಿ ಬಿಡುಗಡೆಯಿಲ್ಲದ ದುಡಿಮೆಗೆ ಹೆಸರಾಗಿಬಿಟ್ಟಿತು. ಕೂಲಿಯು ಸೆರೆಯಾಗಿ ಮಾರ್ಪಡಲು ಎಷ್ಟು ಕಡಮೆ ದೂರ ಸಾಕೆಂಬುದನ್ನು ಈ ಒಂದು ಪದದ ಚರಿತ್ರೆಯೇ ತಿಳಿಸುತ್ತದೆ. 'ಸಂಬಳ'ವಾದರೋ ಮೂಲದಲ್ಲಿ ದಾರಿಯ ಬುತ್ತಿ, ಪಯಣ ಹೊರಟವನು ಕಟ್ಟಿಕೊಂಡು ಹೋಗುವ ಆಹಾರ. ದೂರದೂರಿನಿಂದ ಬಂದು ನಮ್ಮ ಮನೆಯೊಳಗೇ ನೆಲಸಿ ಕೆಲಸಮಾಡುವ ಹೆಣ್ಣುಮಕ್ಕಳನ್ನು ಕುರಿತು ಇಂದು ಮಾತನಾಡಹೊರಟಿರುವ ನನಗೆ ಈ ಕೊನೆಯ ಅರ್ಥ ಮತ್ತೆ ಮತ್ತೆ ನೆನಪಾಗುತ್ತದೆ.

ಹಿಂದೆ ಇಂಥ ಅಗತ್ಯ ಇರಲಿಲ್ಲವೆಂದಲ್ಲ. ಆದರೆ ಅದನ್ನು ತುಂಬುತ್ತಿದ್ದವರನ್ನು ನಾವು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡ ದೂರದ ಅತ್ತೆಯೊಬ್ಬರೋ, ಓದಿನ ನೆಪದಲ್ಲಿ ಬಂದ ಬಡ ನೆಂಟರ ಹುಡುಗಿಯೋ ಒಳಮನೆಯಲ್ಲಿ ಇದ್ದೇ ಇರುತ್ತಿದ್ದರು. ಅವರ ದುಡಿಮೆಗೆ ಹೆಸರೂ ಇರಲಿಲ್ಲ, ಹಣವೂ ಇರಲಿಲ್ಲ. ಈಗ ಮಕ್ಕಳು ಹೊರದೇಶಗಳಲ್ಲಿದ್ದಾರೆ; ಮುದುಕ ಮುದುಕಿ ಎರಡಂತಸ್ತಿನ ಮನೆಯಲ್ಲಿ ಇಬ್ಬರೇ ಇದ್ದಾರೆ. ಕಸ-ಮುಸುರೆಗೆ ಬರುವ ಊರಿನ ಹೆಂಗಸು ಹನ್ನೊಂದು ಗಂಟೆಗೆ ಹೊರಟುಹೋಗುತ್ತಾಳೆ. ಅವಳಿಗೂ ಮನೆಯಿದೆ, ಮಕ್ಕಳಿವೆ. ರಾತ್ರಿಯ ಹೊತ್ತು ಜೊತೆಗಿರುವವರು ಬೇಕೆಂದಾಗ ನಾವು ಕೈಚಾಚುವುದು ದೂರದ ನಾಡುಗಳ ಕಡೆಗೆ: ಒಡಿಶಾ, ಬಂಗಾಳ, ಅಸ್ಸಾಂ, ಝಾರ್ಖಂಡ್.

ಝಾರ್ಖಂಡದ ಮಾತನ್ನೇ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಕನ್ನಡದವರಿಗೆ ವಿಶೇಷ ಸ್ವಾರಸ್ಯವಿದೆ. ಗುಮ್ಲಾ, ಲೋಹರ್‌ದಗಾ, ಸಿಮ್ಡೇಗಾ, ರಾಂಚಿ, ಇವು ಛೋಟಾನಾಗಪುರದ ಪ್ರಸ್ಥಭೂಮಿಯ ಜಿಲ್ಲೆಗಳು. ಅಲ್ಲಿನ ಬುಡಕಟ್ಟುಗಳಲ್ಲಿ ಮುಂಡಾ ಮತ್ತು ಖಡಿಯಾ ಜನರ ನುಡಿಗಳು ಬೇರೊಂದು ವರ್ಗಕ್ಕೆ ಸೇರಿದವು. ಆದರೆ ಓರಾಂವ್ ಜನರ ಕುಡುಖ್ ಭಾಷೆ ದ್ರಾವಿಡ ಭಾಷೆ. ನಮ್ಮ ಕನ್ನಡದ ದೂರದ ದಾಯಾದಿ. 2011ರ ಜನಗಣತಿಯಲ್ಲಿ ಸುಮಾರು 20 ಲಕ್ಷ ಜನ ಅದನ್ನು ತಮ್ಮ ತಾಯಿನುಡಿಯೆಂದು ಬರೆಸಿದ್ದಾರೆ. ಪಾದ್ರಿ ಫರ್ಡಿನಂಡ್ ಹಾನ್ ಆ ಭಾಷೆಗೊಂದು ವ್ಯಾಕರಣವನ್ನು 1900ರಲ್ಲಿ ಪ್ರಕಟಿಸಿದರು. ಅದರಲ್ಲಿ 'ನೀನ್' ಎಂದರೆ ನೀನು, 'ಬರ್' ಎಂಬ ಧಾತುವಿಗೆ ಬರು ಎಂದೇ ಅರ್ಥ, ಕಣ್ಣಿಗೆ 'ಖನ್ನ್'. 'ಏನ್' ಎಂದರೆ ನಾನು. ಇಲ್ಲೊಂದು ತಮಾಷೆಯುಂಟು: ಓರಾಂವ್ ಹೆಣ್ಣುಮಗಳು ತನ್ನವರೊಡನೆ ಫೋನಿನಲ್ಲಿ 'ಏನ್' ಎಂದು ತನ್ನನ್ನು ಹೆಸರಿಸಿಕೊಂಡರೆ, ಪಕ್ಕದಲ್ಲಿರುವ ನಮ್ಮ ಅಜ್ಜಿ ತನ್ನನ್ನೇನೋ ಕೇಳಿದಳೆಂದು 'ಏನಿಲ್ಲಮ್ಮ' ಎನ್ನಬಹುದು! ತಮ್ಮ ಪೂರ್ವಜರು ಕರ್ಣಾಟಕದ ಕಡೆಯಿಂದ ಹೊರಟು ರೋಹತಾಸ್ ಗಡದ ಮೂಲಕ ಛೋಟಾನಾಗಪುರವನ್ನು ಸೇರಿದರೆಂಬ ಐತಿಹ್ಯವೂ ಆ ಜನರಲ್ಲಿ ಉಂಟು. ಇದನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಐತಿಹ್ಯ ಹೇಗೇ ಇರಲಿ, ಅವರ 'ಮಡುವಾ' ನಮ್ಮ ರಾಗಿಯೇ. ಮಡುವಾ ರೊಟ್ಟಿಯನ್ನು ತಿಂದು ಬೆಳೆದವಳಿಗೆ ಮೈಸೂರಿನ ಅಡಿಗೆಮನೆ ಪೂರ್ತಿ ಪರಸ್ಥಳವಲ್ಲ.

ಇವರು ನಮ್ಮಲ್ಲಿಗೆ ಬರುವ ದಾರಿ ಮಾತ್ರ ಇಷ್ಟು ಹಿತವಾದುದಲ್ಲ. ಒಂದು ದಾರಿ ಪರಿಚಯದ್ದು: ಮೊದಲು ಬಂದ ಅಕ್ಕ ತಂಗಿಯನ್ನು ಕರೆತರುತ್ತಾಳೆ, ಊರಿನ ಇಗರ್ಜಿಯವರು ಇನ್ನೊಂದು ಊರಿನವರಿಗೆ ಹೇಳಿ ಕಳಿಸುತ್ತಾರೆ. ಇನ್ನೊಂದು ದಾರಿ ದಲ್ಲಾಳಿಯದು. ಹಳ್ಳಿಯಲ್ಲಿ ಹುಡುಗಿಯನ್ನು ಒಪ್ಪಿಸುವವನೊಬ್ಬ, ರೈಲಿನಲ್ಲಿ ಕರೆತರುವವನೊಬ್ಬ, ನಗರದಲ್ಲಿ ಕಚೇರಿ ಹಾಕಿಕೊಂಡವನೊಬ್ಬ. ಮನೆಯವರು ಕೊಟ್ಟ ದಲ್ಲಾಳಿ ಹಣ ಇವರಲ್ಲಿ ಹಂಚಿಹೋಗುತ್ತದೆ. ಅಲ್ಲಿಗೇ ಮುಗಿದರೆ ಬೇರೆ ಮಾತು. ತಿಂಗಳ ಸಂಬಳವನ್ನೂ ತನ್ನ ಕೈಗೇ ಕೊಡಿ, ವರ್ಷದ ಕೊನೆಗೆ ನಾನೇ ಅವಳ ತಂದೆಗೆ ಮುಟ್ಟಿಸುತ್ತೇನೆಂದು ಕಚೇರಿಯವನು ಹೇಳುತ್ತಾನೆ. ಜೀತವೆಂಬ ಪದ ಅರ್ಥ ಬದಲಿಸಿದ್ದು ಇಂಥ ಕಡೆಯಲ್ಲೇ ಇರಬೇಕು. ದೆಹಲಿಯ ಇಂಥ ಕಚೇರಿಗಳ ವಿಷಯದಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ 2010ರಲ್ಲೇ ಮಧ್ಯೆ ಪ್ರವೇಶಿಸಬೇಕಾಯಿತು. ಹುಡುಗಿಯರನ್ನು ಕಳಿಸಿಕೊಡುವ ರಾಜ್ಯಗಳೂ ಎಚ್ಚತ್ತು, ಛತ್ತೀಸ್‌ಗಢ 2013ರಲ್ಲಿ, ಝಾರ್ಖಂಡ್ 2016ರಲ್ಲಿ ಈ ಸಂಸ್ಥೆಗಳನ್ನು ಹದ್ದುಬಸ್ತಿನಲ್ಲಿಡುವ ಕಾಯಿದೆಗಳನ್ನು ಮಾಡಿದವು.

ಆದ್ದರಿಂದ ಕರೆತಂದವನು ಯಾರು, ನೋಂದಣಿಯಾದ ಸಂಸ್ಥೆಯೆ, ಹುಡುಗಿಯ ಮನೆಯವರೊಡನೆ ನಾವೇ ಫೋನಿನಲ್ಲಿ ಮಾತನಾಡಬಹುದೆ ಎಂಬುದನ್ನು ಮೊದಲ ದಿನವೇ ವಿಚಾರಿಸಬೇಕು. ವಯಸ್ಸಿನ ಮಾತಂತೂ ಮುಖ್ಯ. ಹದಿನಾಲ್ಕು ತುಂಬದವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರಿನಲ್ಲೇ ನಿಷೇಧಿಸಲಾಯಿತು; 2016ರ ತಿದ್ದುಪಡಿ ಆ ನಿಷೇಧವನ್ನು ಎಲ್ಲ ಬಗೆಯ ಉದ್ಯೋಗಕ್ಕೂ ವಿಸ್ತರಿಸಿತು. ನನ್ನ ಮಟ್ಟಿಗೆ ಹದಿನೆಂಟು ತುಂಬದ ಯಾರನ್ನೂ ಹೆತ್ತವರಿಂದ ಎರಡು ರಾತ್ರಿಯ ರೈಲುಪ್ರಯಾಣದಷ್ಟು ದೂರದ ಮನೆಯಲ್ಲಿ ಇರಿಸಿಕೊಳ್ಳುವುದು ಯಾವ ಕಾಯಿದೆಯ ಮಾತೂ ಬೇಕಿಲ್ಲದೆ ತಪ್ಪು. ಊಟ ಬಟ್ಟೆ ಕೊಟ್ಟು ಉಪಕಾರ ಮಾಡುತ್ತಿದ್ದೇವೆಂದು ಹೇಳುವವರನ್ನು ಕಂಡಿದ್ದೇನೆ. ಆ ಉಪಕಾರವನ್ನು ಅವರು ಪಾತ್ರೆ ತೊಳೆಸದೆಯೂ ಮಾಡಬಹುದು.

ಕಾಯಿದೆ ಈ ಹೆಣ್ಣುಮಕ್ಕಳನ್ನು ಕಾಣುವುದು ಕಷ್ಟ. ಏಕೆಂದರೆ ಕಾಯಿದೆಯ ಕಣ್ಣಿಗೆ ಮನೆಯು ಕಾರ್ಖಾನೆಯಲ್ಲ, ಅಂಗಡಿಯಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಮಾಡಿದ ಶಾಸನ ಅನ್ವಯಿಸುತ್ತಿದ್ದುದು ಅಂಥ ಐವರಾದರೂ ಇದ್ದ ಕಡೆಗೆ. ಒಂದು ಮನೆಗೆ ಒಬ್ಬಳೇ ಬಂದವಳು ಅದರ ಲೆಕ್ಕಕ್ಕೇ ಸಿಗಲಿಲ್ಲ. ಕರ್ನಾಟಕ 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಗೊತ್ತುಮಾಡಿದ ಮೊದಲ ರಾಜ್ಯಗಳಲ್ಲಿ ಸೇರಿದೆಯೆಂಬುದು ನಮಗೆ ಹೆಮ್ಮೆಯ ಸಂಗತಿ. ಆ ಅಧಿಸೂಚನೆಯನ್ನು ಕಣ್ಣಾರೆ ಕಂಡ ಗೃಹಸ್ಥರು ಎಷ್ಟು ಮಂದಿಯೋ! ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆ ಮಾತ್ರ ಒಂದು ದೊಡ್ಡ ಹೆಜ್ಜೆಯಿಟ್ಟಿತು. ವಾಸದ ಮನೆಯೂ ಕೆಲಸದ ಸ್ಥಳವೇ ಎಂದು ಸ್ಪಷ್ಟವಾಗಿ ಹೇಳಿತು. ಮನೆಗೆಲಸದ ಹೆಂಗಸು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇವರಿಗಾಗಿ ಪ್ರತ್ಯೇಕ ಶಾಸನ ಬೇಕೆ ಎಂಬುದನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು.

ಆದರೆ ನಾನು ಓದಿದ ಸರ್ಕಾರಿ ಗದ್ಯದಲ್ಲೆಲ್ಲ ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೊಂದು ವಾಕ್ಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರ ಜೂನಿನಲ್ಲಿ ಮನೆಗೆಲಸದವರನ್ನು ಕುರಿತು 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದರ ಪರವಾಗಿ ಮತ ಹಾಕಿತಾದರೂ ಅದನ್ನು ಸ್ಥಿರೀಕರಿಸಿಲ್ಲ. ಅದರೊಡನೆ ಹೊರಟ ಶಿಫಾರಸಿನಲ್ಲಿ, ಮನೆಯಲ್ಲೇ ಇರುವ ಕೆಲಸದವರಿಗೆ ಗಾಳಿ ಬೆಳಕುಳ್ಳ ಪ್ರತ್ಯೇಕ ಕೋಣೆ ಇರಬೇಕು, ಅದಕ್ಕೆ ಬೀಗವಿರಬೇಕು, ಆ ಬೀಗದ ಕೈಯನ್ನು ಅವರಿಗೇ ಕೊಡಬೇಕು ಎಂಬ ಅರ್ಥದ ಮಾತಿದೆ. ಜಿನೀವಾದಲ್ಲಿ ಕುಳಿತು ಈ ಬೀಗದ ಕೈಯನ್ನು ನೆನೆದವರು ಮನೆಗಳನ್ನು ಬಲ್ಲವರೇ ಇರಬೇಕು. ನಮ್ಮ ಮನೆಗಳಲ್ಲಿ ಅವಳು ಮಲಗುವುದೆಲ್ಲಿ? ಅಡಿಗೆಮನೆಯ ನೆಲದ ಮೇಲೆ, ನಡುಮನೆಯ ಮೂಲೆಯಲ್ಲಿ, ಅಟ್ಟಕ್ಕೇರುವ ಮೆಟ್ಟಿಲ ಕೆಳಗೆ. ಸೀರೆ ಬದಲಿಸಲು ಬಚ್ಚಲುಮನೆ; ಅಳಬೇಕೆನಿಸಿದರೂ ಬಚ್ಚಲುಮನೆಯೇ. ಇರುವ ಎರಡು ಕೋಣೆಯಲ್ಲಿ ಪ್ರತ್ಯೇಕ ಕೋಣೆ ಎಲ್ಲಿಂದ ತರೋಣ ಎನ್ನುವವರ ಕಷ್ಟ ನಿಜ. ಅಂಥವರು ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲನ್ನೂ, ಬೀಗವಿರುವ ಒಂದು ಪೆಟ್ಟಿಗೆಯನ್ನೂ ಕೊಡಬಲ್ಲರು.

ಇನ್ನು ನಿದ್ರೆಯ ಪ್ರಶ್ನೆ. ನನ್ನ ಸ್ನೇಹಿತರೊಬ್ಬರ ತಾಯಿಗೆ ಎಂಬತ್ತೇಳು ವರ್ಷ. ರಾತ್ರಿ ನಾಲ್ಕು ಸಲ ಏಳುತ್ತಾರೆ. ಗುಮ್ಲಾದ ಹೆಣ್ಣುಮಗಳೊಬ್ಬಳು ಅವರ ಪಕ್ಕದಲ್ಲಿ ಮಲಗುತ್ತಾಳೆ. 'ರಾತ್ರಿ ಅವಳಿಗೇನು ಕೆಲಸ, ಸುಮ್ಮನೆ ಮಲಗಿರುತ್ತಾಳೆ' ಎಂದು ಮನೆಯವರು ಹೇಳುತ್ತಿದ್ದರು. ಒಂದು ವಾರ ಮಗನೇ ಆ ಹಾಸಿಗೆಯಲ್ಲಿ ಮಲಗಿದ ಮೇಲೆ ಆ ಮಾತು ನಿಂತಿತು. ಕರೆದಾಗ ಏಳಬೇಕೆಂದು ಕಾದು ಮಲಗುವುದೂ ಕೆಲಸವೇ; ಆ ಒಡಂಬಡಿಕೆಯೂ ಹಾಗೆಯೇ ಎಣಿಸುತ್ತದೆ. ರಾತ್ರಿ ಎಚ್ಚರವಿರಬೇಕಾದವಳಿಗೆ ಹಗಲು ಮೂರು ನಾಲ್ಕು ಗಂಟೆಯಾದರೂ ಯಾರೂ ಕೂಗದ ಹೊತ್ತು ಇರಬೇಕು. ವಾರಕ್ಕೊಂದು ಇಡೀ ದಿನದ ಬಿಡುವು ಬೇಕು. ಆ ದಿನ ಅವಳು ಮನೆಯಲ್ಲೇ ಇರಬೇಕೆಂಬ ನಿರ್ಬಂಧವೂ ಕೂಡದು. ಓರಾಂವ್ ಜನರಲ್ಲಿ ಅನೇಕರು ಕ್ರೈಸ್ತರು. ಅವರಿಗೆ ಭಾನುವಾರದ ಪೂಜೆಗೆ ಹೋಗುವುದೆಂದರೆ ತಮ್ಮ ಮಾತನಾಡುವ ನಾಲ್ಕು ಜನರನ್ನು ಕಾಣುವುದೂ ಹೌದು.

'ನಾವು ಅವಳನ್ನು ಮನೆಯ ಮಗಳಂತೆ ನೋಡಿಕೊಳ್ಳುತ್ತೇವೆ' ಎಂಬ ಮಾತನ್ನು ಕೇಳುಗರೆಲ್ಲರೂ ಬಲ್ಲರು. ಹೇಳುವವರ ಪ್ರೀತಿ ಸುಳ್ಳಲ್ಲ. ಆದರೆ ಈ 'ಅಂತೆ' ಎಂಬ ಉಪಮಾವಾಚಕವನ್ನು ಸ್ವಲ್ಪ ಪರೀಕ್ಷಿಸಬೇಕು. ಮಗಳು ಕುರ್ಚಿಯಲ್ಲಿ ಕೂರುತ್ತಾಳೆ, ಜ್ವರ ಬಂದರೆ ಮಲಗುತ್ತಾಳೆ, ಕೋಪ ಬಂದರೆ ಎದುರಾಡುತ್ತಾಳೆ. ಇವು ಮೂರೂ ಇಲ್ಲದೆ, ಸಂಬಳ ಕೇಳಬಾರದೆಂಬ ಒಂದೇ ಅಂಶದಲ್ಲಿ ಹೋಲಿಕೆಯನ್ನು ಎಳೆದರೆ ಅದು ಅಲಂಕಾರದೋಷ. ಹನ್ನೆರಡನೆಯ ಶತಮಾನದ ಕೊಟ್ಟಣದ ಸೋಮಮ್ಮ ಭತ್ತ ಕುಟ್ಟಿ ಬದುಕಿದವಳು. ತನ್ನ ಕಾಯಕದ ಹೆಸರಿನಿಂದಲೇ ಅವಳು ವಚನಕಾರ್ತಿಯರ ಸಾಲಿನಲ್ಲಿದ್ದಾಳೆ. ಕಾಯಕಕ್ಕೆ ಅದರ ಹೆಸರನ್ನೇ ಕೊಡುವುದರಲ್ಲಿ ಅಗೌರವವಿಲ್ಲ. ನನಗೆ ಸಹಿಸದಿರುವುದು, ಕೂಗಲು ಅನುಕೂಲವೆಂದು ಬಂದವಳ ಹೆಸರನ್ನೇ ಬದಲಿಸಿ ಲಕ್ಷ್ಮಿಯೆಂದೋ ಗೌರಿಯೆಂದೋ ಕರೆಯುವ ರೂಢಿ. ಅವಳಿಗೆ ಹೆತ್ತವರಿಟ್ಟ ಹೆಸರಿದೆ. ನಮ್ಮ ನಾಲಗೆಗೆ ಸ್ವಲ್ಪ ಶ್ರಮವಾಗಲಿ.

ಹಣದ ಮಾತನ್ನು ಬೇಗ ಹೇಳಿಬಿಡುತ್ತೇನೆ. ಕೆಲಸವೇನು, ಬಿಡುವೆಂದು, ಸಂಬಳವೆಷ್ಟು ಎಂಬುದನ್ನು ಅವಳು ಓದಬಲ್ಲ ಭಾಷೆಯಲ್ಲಿ, ಸಾಮಾನ್ಯವಾಗಿ ಹಿಂದಿಯಲ್ಲಿ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಸಂಬಳ ಅವಳ ಹೆಸರಿನ ಬ್ಯಾಂಕ್ ಖಾತೆಗೇ ಹೋಗಬೇಕು. 'ನಮ್ಮ ಬೀರುವಿನಲ್ಲಿ ಭದ್ರವಾಗಿದೆ' ಎಂಬ ವ್ಯವಸ್ಥೆ ಒಳ್ಳೆಯ ಮನೆಗಳಲ್ಲೂ ಕೆಡುಕಿಗೆ ದಾರಿ. ಪೊಲೀಸ್ ಪರಿಶೀಲನೆಗೆ ಆಧಾರ್ ಚೀಟಿಯ ನಕಲು ಸಾಕು. ಮೂಲ ಅವಳ ಪೆಟ್ಟಿಗೆಯಲ್ಲಿರಲಿ. 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ ನೋಂದಣಿಯನ್ನು ಮಾಡಿಸಿಕೊಡುವುದಕ್ಕೆ ಅರ್ಧ ಗಂಟೆಯ ಬಿಡುವಿದ್ದರೆ ಆದೀತು.

ಕೊನೆಯದಾಗಿ ಊರಿಗೆ ಹೋಗುವ ರಜೆ. ಇದನ್ನು 'ಆಮೇಲೆ ನೋಡೋಣ' ಎಂದು ಬಿಟ್ಟ ಮನೆಗಳಲ್ಲಿ ಅದು ಎರಡು ವರ್ಷವಾದರೂ ಬರುವುದಿಲ್ಲ; ಅಜ್ಜಿಗೆ ಹುಷಾರಿಲ್ಲದ ದಿನ ಯಾವಾಗಲೂ ಇದ್ದೇ ಇರುತ್ತದೆ. ಸರ್ನಾ ಧರ್ಮದವಳಾದರೆ ಸಾಲದ ಮರ ಹೂಬಿಡುವ ಸರ್ಹುಲ್ ಹಬ್ಬಕ್ಕೆ, ಕ್ರೈಸ್ತಳಾದರೆ ಕ್ರಿಸ್ಮಸ್ಸಿಗೆ ಹೋಗಬೇಕೆಂದು ಅವಳ ಮನಸ್ಸು ಹಾತೊರೆಯುತ್ತದೆ. ರಾಂಚಿಯ ಪಕ್ಕದ ಹಟಿಯಾಕ್ಕೆ ಬೆಂಗಳೂರಿನಿಂದ ನೇರ ರೈಲಿದೆ. ಆದರೆ 2024ರ ನವೆಂಬರಿನಿಂದ ರೈಲು ಟಿಕೆಟ್ಟನ್ನು ಅರವತ್ತು ದಿನ ಮೊದಲಷ್ಟೇ ಕಾದಿರಿಸಬಹುದು. ಆದ್ದರಿಂದ ಕ್ರಿಸ್ಮಸ್ಸಿನ ಪ್ರಯಾಣಕ್ಕೆ ಅಕ್ಟೋಬರ್ ಮುಗಿಯುವುದರೊಳಗೆ ಹೋಗುವ ಟಿಕೆಟ್ಟನ್ನೂ, ಮುಂದೆ ದಿನ ಕೂಡಿಬಂದಾಗ ಬರುವ ಟಿಕೆಟ್ಟನ್ನೂ ಮನೆಯವರ ಖರ್ಚಿನಲ್ಲೇ ತೆಗೆಸಬೇಕು; ಆ ಮೂರು ವಾರ ರಾತ್ರಿ ಅಜ್ಜಿಯ ಪಕ್ಕದಲ್ಲಿ ಮಲಗುವವರು ಯಾರೆಂಬುದನ್ನೂ ಅಂದೇ, ಮಕ್ಕಳಿಗೆಲ್ಲ ಫೋನ್ ಮಾಡಿ, ಗೊತ್ತುಮಾಡಿಕೊಳ್ಳಬೇಕು.